ಸ್ಟಾರ್ ಎಷ್ಟು ಅಂತ ಕೇಳಬೇಡಿ, ಎಷ್ಟು ದಿನ ಇರುತ್ತೆ ಅಂತ ಕೇಳಿ

 

ಇವತ್ತು ಹೊಸ ಸಿನಿಮಾದ ವಿಮರ್ಶೆ ಇಲ್ಲ. 2025ರಲ್ಲಿ ನಾನು ಮಾತಾಡಿದ ನಾಲ್ಕು ಕನ್ನಡ ಸಿನಿಮಾಗಳನ್ನ ಮತ್ತೆ ಎದುರಿಗೆ ಇಟ್ಕೊಂಡು, ಎಲ್ಲಿ ಸರಿ ಹೇಳಿದ್ದೆ, ಎಲ್ಲಿ ಎಡವಿದೆ ಅಂತ ನಿಮಗೆ ಲೆಕ್ಕ ಒಪ್ಪಿಸ್ತೀನಿ. ಯಾಕಂದ್ರೆ ಒಂದು ತಪ್ಪು ಆಗಿದೆ. ಅದನ್ನ ಮೊದಲೇ ಹೇಳಿಬಿಡ್ತೀನಿ.

ಸುಮಂತ್ ಭಟ್ ನಿರ್ದೇಶನದ 'ಮಿಥ್ಯ' ಬಿಡುಗಡೆ ಆಗಿದ್ದು 2025ರ ಮಾರ್ಚ್ 7ಕ್ಕೆ. ಆ ವಾರ ನಾನು ಬೆಂಗಳೂರಿಗೆ ಹೋಗಿದ್ದೆ, ಅಲ್ಲೇ ನೋಡಿದೆ. ಇಷ್ಟ ಆಯ್ತು. ಮೂರೂವರೆ ಸ್ಟಾರ್ ಕೊಟ್ಟೆ. ಜೊತೆಗೆ ಒಂದು ಮಾತು ಸೇರಿಸಿದೆ: "ನಿಧಾನದ ಸಿನಿಮಾ. ಅವಸರ ಇಲ್ಲ, ಓಟಿಟಿಗೆ ಬಂದಾಗ ಮನೆಯಲ್ಲಿ ಸಮಾಧಾನವಾಗಿ ನೋಡಿ."

ಪುಣೆಯ ನನ್ನ ಗೆಳೆಯ ಒಬ್ಬ ಅದೇ ಶನಿವಾರ ಹೆಂಡತಿ, ಮಗನ ಜೊತೆ ಊರಿಗೆ ಹೋಗಿದ್ದ. ಎರಡೇ ದಿನದ ರಜೆ. ಅಮ್ಮನನ್ನೂ ಕರ್ಕೊಂಡು ಒಂದು ಸಿನಿಮಾಗೆ ಹೋಗೋಣ ಅಂತ ಇದ್ದವನು ನನ್ನ ಮಾತು ಕೇಳಿ ಬಿಟ್ಟ. ಮತ್ತೆ ಅವನು ಊರಿಗೆ ಹೋಗೋ ಹೊತ್ತಿಗೆ ಯುಗಾದಿ ಮುಗಿದು, ಮಗನ ಪರೀಕ್ಷೆಯೂ ಮುಗಿದಿತ್ತು. ಆ ಊರಲ್ಲಿ ಸಿನಿಮಾ ಇರಲಿಲ್ಲ. ಅಷ್ಟರಲ್ಲಿ ಅಮ್ಮನ ಮಂಡಿನೋವು ಜಾಸ್ತಿಯಾಗಿ, ಥಿಯೇಟರಿನ ಮೆಟ್ಟಿಲು ಹತ್ತೋ ಮಾತೇ ಇರಲಿಲ್ಲ. ಅವನು ಜಗಳ ಆಡಲಿಲ್ಲ. "ನೀನು ಸಿನಿಮಾ ಚೆನ್ನಾಗಿದೆ ಅಂತಾನೇ ಹೇಳಿದ್ದೆ ಮಾರಾಯ, ಆದ್ರೆ ಹೋಗು ಅಂತ ಹೇಳಲಿಲ್ಲ" ಅಂದ ಅಷ್ಟೇ. ಬೈದಿದ್ರೆ ಮರೆತುಬಿಡ್ತಿದ್ದೆನೋ ಏನೋ. ಈ ಮಾತು ಮಾತ್ರ ತಲೆಯಲ್ಲೇ ಕೂತಿದೆ.

'ಚೆನ್ನಾಗಿದೆ' ಅನ್ನೋದು ಒಂದು ವಿಷಯ, 'ಈಗಲೇ ಹೋಗು' ಅನ್ನೋದು ಇನ್ನೊಂದು. ನಮ್ಮಲ್ಲಿ ಟೆಸ್ಟಿಂಗ್ ಮಾಡೋರಿಗೆ ಇದು ಮೊದಲ ವಾರವೇ ಕಲಿಸೋ ಪಾಠ. ಸಿವಿಯರಿಟಿ ಬೇರೆ, ಪ್ರಯಾರಿಟಿ ಬೇರೆ. ವರ್ಷಕ್ಕೊಮ್ಮೆ ಯಾರೋ ತೆಗೆಯೋ ಒಂದು ರಿಪೋರ್ಟ್ ಕ್ರ್ಯಾಶ್ ಆಗುತ್ತೆ ಅನ್ಕೊಳ್ಳಿ, ಬಗ್ ದೊಡ್ಡದು, ಆದ್ರೆ ಇವತ್ತೇ ಸರಿ ಮಾಡಬೇಕಾಗಿಲ್ಲ. ಮೊದಲ ಪುಟದಲ್ಲಿ ಕಂಪನಿ ಹೆಸರಿನ ಒಂದು ಅಕ್ಷರ ತಪ್ಪಾಗಿದೆ ಅನ್ಕೊಳ್ಳಿ, ಬಗ್ ಚಿಕ್ಕದು, ಆದ್ರೆ ಸಂಜೆಯೊಳಗೆ ಸರಿ ಆಗಲೇಬೇಕು. ಹದಿನೈದು ವರ್ಷ ಇದೇ ಕೆಲಸ ಮಾಡಿದ ನಾನು, ಸಿನಿಮಾ ವಿಷಯಕ್ಕೆ ಬಂದಾಗ ಎರಡನ್ನೂ ಒಂದೇ ಡಬ್ಬಿಗೆ ಹಾಕಿ, ಮೇಲೆ ಸ್ಟಾರ್ ಅಂಟಿಸ್ತಾ ಇದ್ದೆ.

ಕರ್ನಾಟಕದ ಹೊರಗೆ ಇರೋ ನಮಗೆ ಈ ವ್ಯತ್ಯಾಸ ಯಾಕೆ ಮುಖ್ಯ? ಪ್ರದರ್ಶನದ ಲೆಕ್ಕ ನೋಡಿ. ಸಿನಿಮಾ ಶುಕ್ರವಾರ ಬರುತ್ತೆ. ಸಣ್ಣ ಕನ್ನಡ ಸಿನಿಮಾ ಆದ್ರೆ ಹೊರ ರಾಜ್ಯದ ನಗರದಲ್ಲಿ ಬರೋದೇ ಒಂದು ಪುಣ್ಯ. ಬಂದರೂ ಒಂದೋ ಎರಡೋ ಆಟ, ಅದೂ ಬೆಳಗ್ಗೆ ಬೇಗ ಇಲ್ಲಾ ರಾತ್ರಿ ಹತ್ತರ ಮೇಲೆ. ಭಾನುವಾರ ರಾತ್ರಿ ಹೊತ್ತಿಗೆ ಎಷ್ಟು ಸೀಟು ತುಂಬಿತ್ತು ಅನ್ನೋ ಲೆಕ್ಕ ಮಲ್ಟಿಪ್ಲೆಕ್ಸಿನವರ ಕೈಯಲ್ಲಿರುತ್ತೆ. ಮುಂದಿನ ಶುಕ್ರವಾರ ಹಿಂದಿ, ತೆಲುಗು, ತಮಿಳಿನ ಹೊಸ ಸಿನಿಮಾಗಳು ಸಾಲಲ್ಲಿ ನಿಂತಿರುತ್ತವೆ. ಖಾಲಿ ಸೀಟಿನ ಆಟವನ್ನ ಭಾಷಾಭಿಮಾನಕ್ಕೆ ಅಂತ ಯಾರೂ ಉಳಿಸಿಕೊಳ್ಳಲ್ಲ, ಅವರದ್ದು ವ್ಯಾಪಾರ.

ಬಾಯಿಮಾತಿನ ಪ್ರಚಾರಕ್ಕೆ ಸಮಯ ಬೇಕು. ಬೆಂಗಳೂರಲ್ಲಿ ಆ ಸಮಯ ಹೇಗೋ ಸಿಗುತ್ತೆ. ಪುಣೆಯಲ್ಲಿ, ದೆಹಲಿಯಲ್ಲಿ ಸಿಗಲ್ಲ. "ಚೆನ್ನಾಗಿದೆಯಂತೆ" ಅನ್ನೋ ಸುದ್ದಿ ಬುಧವಾರ ನಮ್ಮ ವಾಟ್ಸಾಪ್ ಗುಂಪಿಗೆ ಬರೋವಷ್ಟರಲ್ಲಿ ಆಟವೇ ಎದ್ದು ಹೋಗಿರುತ್ತೆ.

ಹಾಗಾಗಿ ಈಗ ನಾನು ಪ್ರತಿ ಸಿನಿಮಾಗೂ ಮೂರು ಪ್ರಶ್ನೆ ಕೇಳ್ಕೊಳ್ತೀನಿ. ಒಂದು, ಸಿನಿಮಾ ತಾನು ಮಾಡೋಕೆ ಹೊರಟಿದ್ದನ್ನ ಮಾಡಿದೆಯಾ? ಎರಡು, ಥಿಯೇಟರಿನಲ್ಲಿ ಸಿಗೋದರಲ್ಲಿ ಮನೆಯ ಟಿವಿಯಲ್ಲಿ ಏನು ಕಳೆದುಹೋಗುತ್ತೆ? ಮೂರು, ಇದು ನಮಗಾಗಿ ಎಷ್ಟು ದಿನ ಕಾಯುತ್ತೆ? ಮೊದಲನೆಯದು ಸಿವಿಯರಿಟಿ. ಉಳಿದ ಎರಡು ಸೇರಿ ಪ್ರಯಾರಿಟಿ.

ಈ ಮೂರನ್ನ ಇಟ್ಕೊಂಡು ನಾಲ್ಕು ಸಿನಿಮಾ ನೋಡೋಣ.

ಮೊದಲು 'ಸು ಫ್ರಮ್ ಸೋ'. ಜೆ.ಪಿ. ತುಮಿನಾಡು ನಿರ್ದೇಶನ, ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲಿ ಒಬ್ಬರು, 2025ರ ಜುಲೈ 25ಕ್ಕೆ ಬಂತು. ಹೆಸರಿನ ಅರ್ಥ ಸೋಮೇಶ್ವರದ ಸುಲೋಚನಾ. ಕರಾವಳಿಯ ಒಂದು ಊರಲ್ಲಿ ಅಶೋಕ ಅನ್ನೋ ಹುಡುಗ ಮಾಡಬಾರದ್ದು ಮಾಡಿ ಸಿಕ್ಕಿಬೀಳ್ತಾನೆ. ತಪ್ಪಿಸಿಕೊಳ್ಳೋಕೆ ಮೈಮೇಲೆ ಬಂದ ಹಾಗೆ ನಾಟಕ ಆಡ್ತಾನೆ. ಊರಿಗೆ ಊರೇ ನಂಬಿಬಿಡುತ್ತೆ. ಒಂದು ಸುಳ್ಳು ಊರಿನ ತುಂಬ ಓಡಾಡಿ ನಿಜದ ಹಾಗೆ ಆಗೋದನ್ನ ತೋರಿಸೋದರಲ್ಲಿ ಸಿನಿಮಾ ಪೂರ್ತಿ ಗೆದ್ದಿದೆ. ಶನೀಲ್ ಗೌತಮ್ ಮಾಡಿರೋ ರವಿಯಣ್ಣನಂಥ ಮನುಷ್ಯ ನಮ್ಮ ಪ್ರತಿ ಊರಲ್ಲೂ ಒಬ್ಬ ಇದ್ದಾನೆ, ಎಲ್ಲ ಪಂಚಾಯ್ತಿಗೂ ಅವನೇ ಮುಂದೆ.

ಕೊರತೆ ಇಲ್ಲವೇ? ಇದೆ. ಹುಡುಗಿಗೆ ಆದ ಅನ್ಯಾಯದಿಂದ ಶುರುವಾಗೋ ತಮಾಷೆ ಇದು. ಆ ಹುಡುಗಿಯ ಕಡೆಯಿಂದ ಸಿನಿಮಾ ನೋಡೋದೇ ಇಲ್ಲ. ಭಾನು ಬರೋ ತನಕ ಹೆಂಗಸರು ಅಂಚಲ್ಲೇ ಇರ್ತಾರೆ. ಆಮೇಲೆ ಸಿನಿಮಾ ಗಂಭೀರ ಆಗುತ್ತೆ, ಆ ತಿರುವು ಸ್ವಲ್ಪ ಅವಸರದ್ದು. ಇದನ್ನ ನಾನು ಆಗಲೂ ಹೇಳಿದ್ದೆ, ಈಗಲೂ ಹೇಳ್ತೀನಿ.

ಆದ್ರೆ ಎರಡನೇ ಪ್ರಶ್ನೆಗೆ ಉತ್ತರ ಜೋರಾಗಿದೆ. ಈ ನಗು ಒಬ್ಬರೇ ಕೂತು ನಗೋದಲ್ಲ. ಪಕ್ಕದ ಸೀಟಿನೋರು ನಕ್ಕಿದ್ದಕ್ಕೆ ನಾವೂ ಇನ್ನೊಂದು ಸಲ ನಗೋ ಥರದ್ದು. ದೊಡ್ಡ ಹೀರೋ ಇಲ್ಲದ ಸಿನಿಮಾ, ಜನರ ಮಾತಿನಿಂದಲೇ ಆಟಗಳನ್ನ ಹೆಚ್ಚಿಸಿಕೊಳ್ತು. ಮಲಯಾಳಂ ಆವೃತ್ತಿ ಆಗಸ್ಟ್ 1ಕ್ಕೆ, ತೆಲುಗು ಆವೃತ್ತಿ ಆಗಸ್ಟ್ 8ಕ್ಕೆ ಬಂತು.

ಹೈದರಾಬಾದಿನೋರು ಇಲ್ಲಿ ಒಂದು ಗಮನಿಸಿ. ಟಿಕೆಟ್ ಮಾಡೋವಾಗ ಭಾಷೆ ಯಾವುದು ಅಂತ ನೋಡಿ. ಈ ಸಿನಿಮಾದ ಅರ್ಧ ಜೀವ ಮಂಗಳೂರು ಕಡೆಯ ಕನ್ನಡದಲ್ಲಿದೆ, ಡಬ್ಬಿಂಗಿನಲ್ಲಿ ಅದು ಉಳಿಯಲ್ಲ. ಇನ್ನೊಂದು ವಿಷಯ, ಮನೆ ಹತ್ತಿರ ಅಂತ ನಾವು ತೆಲುಗು ಆಟಕ್ಕೆ ಹೋದ್ರೆ, ಕನ್ನಡ ಆಟದ ಲೆಕ್ಕದಲ್ಲಿ ನಾವು ಇಲ್ಲ. ಮುಂದಿನ ಸಲ "ಇಲ್ಲಿ ಕನ್ನಡ ನೋಡೋರು ಇಲ್ಲ" ಅಂತ ಅವರು ಅಂದುಕೊಂಡರೆ ಅದಕ್ಕೆ ನಾವೂ ಒಂದು ಕೈ ಸೇರಿಸಿರ್ತೀವಿ.

ಎರಡನೆಯದು 'ಅಜ್ಞಾತವಾಸಿ'. ಜನಾರ್ದನ ಚಿಕ್ಕಣ್ಣ ನಿರ್ದೇಶನ, ಹೇಮಂತ್ ರಾವ್ ನಿರ್ಮಾಣ, 2025ರ ಏಪ್ರಿಲ್ 11. ತೊಂಬತ್ತರ ದಶಕದ ಮಲೆನಾಡಿನ ಹಳ್ಳಿ. ವರ್ಷಾನುಗಟ್ಟಲೆ ಅಪರಾಧವೇ ಆಗದ ಊರು. ಅಲ್ಲಿಗೆ ಮೊದಲ ಸಲ ಕಂಪ್ಯೂಟರ್ ಬರುತ್ತೆ, ಒಂದು ಸಾವೂ ಆಗುತ್ತೆ. ರಂಗಾಯಣ ರಘು ಇನ್‌ಸ್ಪೆಕ್ಟರ್. ಅವರನ್ನ ನಾವು ಎಷ್ಟು ವರ್ಷ ಬರೀ ನಗಿಸೋಕೆ ಇಟ್ಕೊಂಡಿದ್ವಿ! 2024ರ 'ಶಾಖಾಹಾರಿ'ಯಲ್ಲಿ ಒಂದು ಬಾಗಿಲು ತೆರೆದುಕೊಂಡಿತ್ತು, ಇಲ್ಲಿ ಆ ಮನುಷ್ಯ ಪೂರ್ತಿ ಒಳಗೆ ಹೋಗಿದ್ದಾರೆ. ಮಾತು ಕಡಿಮೆ, ಕಣ್ಣಲ್ಲೇ ಲೆಕ್ಕಾಚಾರ.

ಕೊಂದವರು ಯಾರು ಅಂತ ಬೆನ್ನಟ್ಟೋ ಸಿನಿಮಾ ಅಂತ ಹೋದರೆ ಮೊದಲರ್ಧ ಎಳೆದ ಹಾಗೆ ಅನ್ನಿಸುತ್ತೆ. ನನಗೂ ಅನ್ನಿಸ್ತು. ಯಾರು ಏನನ್ನ ಮುಚ್ಚಿಟ್ಟು ಬದುಕ್ತಿದ್ದಾರೆ ಅನ್ನೋದು ಇದರ ನಿಜವಾದ ಪ್ರಶ್ನೆ. ಅದು ಗೊತ್ತಾದ ಮೇಲೆ ಆ ನಿಧಾನಕ್ಕೂ ಕಾರಣ ಸಿಗುತ್ತೆ. ಅದ್ವೈತ ಗುರುಮೂರ್ತಿ ಅವರ ಕ್ಯಾಮೆರಾದಲ್ಲಿ ಮಲೆನಾಡಿನ ಕತ್ತಲೆಗೂ ಬೇರೆ ಬೇರೆ ಬಣ್ಣ ಇದೆ. ಬೆಳಕು ಬೀಳೋ ಹಾಲಿನಲ್ಲಿ, ಕುಕ್ಕರ್ ಸೀಟಿ ಮಧ್ಯೆ ಟಿವಿಯಲ್ಲಿ ನೋಡಿದ್ರೆ ಅದು ಬರೀ ಕಪ್ಪು. ನಾನು ಇದಕ್ಕೆ ಮೂರು ಸ್ಟಾರ್ ಕೊಟ್ಟಿದ್ದೆ. ಸ್ಟಾರ್ ಬದಲಾಯಿಸಲ್ಲ. ಆದ್ರೆ 'ಈ ಶನಿವಾರವೇ ಹೋಗಿ' ಅಂತ ಹೇಳಬೇಕಿತ್ತು, ಹೇಳಲಿಲ್ಲ.

ಮೂರನೆಯದು 'ಕಾಂತಾರ ಅಧ್ಯಾಯ 1', 2025ರ ಅಕ್ಟೋಬರ್ 2. ಇದಕ್ಕೂ ಮೂರೂವರೆ ಸ್ಟಾರ್ ಕೊಟ್ಟೆ. ಅರವಿಂದ್ ಕಶ್ಯಪ್ ಛಾಯಾಗ್ರಹಣ, ಅಜನೀಶ್ ಲೋಕನಾಥ್ ಸಂಗೀತ, ರಿಷಬ್ ಶೆಟ್ಟಿ ಮೈಮೇಲೆ ಎಳ್ಕೊಂಡು ಮಾಡಿರೋ ಬೆರ್ಮೆ, ಇವುಗಳ ಬಗ್ಗೆ ಎರಡು ಮಾತಿಲ್ಲ. ರುಕ್ಮಿಣಿ ವಸಂತ್ ಪಾತ್ರಕ್ಕೆ ಬರೀ ಚಂದ ಕಾಣೋದಕ್ಕಿಂತ ದೊಡ್ಡ ಕೆಲಸ ಇದೆ. ಆದ್ರೆ ಮೊದಲರ್ಧದ ಹಾಸ್ಯ ಸಡಿಲ. 2022ರ 'ಕಾಂತಾರ'ದ ಬಲ ಇದ್ದಿದ್ದು ಒಂದು ತುಂಡು ಭೂಮಿಯಲ್ಲಿ. ದೊಡ್ಡಮನೆ, ಅರಣ್ಯ ಇಲಾಖೆ, ಊರಿನ ಜನ, ಮೂವರ ಜಗಳವೂ ನಮಗೆ ಅರ್ಥ ಆಗ್ತಿತ್ತು. ಇಲ್ಲಿ ರಾಜ, ಬಂದರು, ಯುದ್ಧ ಅಂತ ಬೆಳೆದಾಗ ಆ ಮಣ್ಣಿನ ವಾಸನೆ ಸ್ವಲ್ಪ ತೆಳುವಾಗಿದೆ.

ಇನ್ನೊಂದು ಹೋಲಿಕೆ ನೋಡಿ. ಮೊದಲ 'ಕಾಂತಾರ' 2022ರ ಸೆಪ್ಟೆಂಬರ್ 30ಕ್ಕೆ ಬಂದಾಗ ಕನ್ನಡದಲ್ಲಿ ಮಾತ್ರ ಇತ್ತು. ಹಿಂದಿ ಆವೃತ್ತಿ ಬಂದಿದ್ದು ಎರಡು ವಾರ ಆದ ಮೇಲೆ, ಅಕ್ಟೋಬರ್ 14ಕ್ಕೆ. ಆ ಎರಡು ವಾರ ಆ ಸಿನಿಮಾವನ್ನ ಹೊತ್ತಿದ್ದು ಕನ್ನಡದ ಪ್ರೇಕ್ಷಕರು. ಹೊರ ಊರಲ್ಲಿ ಕೂತು ಸಹೋದ್ಯೋಗಿಗಳಿಗೆ "ನೋಡ್ರೋ" ಅಂತ ಹೇಳಿದ ನೀವೂ ಅದರಲ್ಲಿ ಇದ್ರಿ. 2025ರ ಸಿನಿಮಾ ಮೊದಲ ದಿನವೇ ಹಲವು ಭಾಷೆಗಳಲ್ಲಿ, ದೇಶದ ತುಂಬ ಬಂತು. ದೀಪಾವಳಿಗೆ ಊರಿಗೆ ಹೋದಾಗಲೂ ನೋಡಬಹುದಿತ್ತು. ಅದಕ್ಕೆ ನಮ್ಮ ಶನಿವಾರದ ಅವಸರ ಬೇಕಿರಲಿಲ್ಲ.

ಈಗ ವಾಪಸ್ 'ಮಿಥ್ಯ'ಕ್ಕೆ ಬರ್ತೀನಿ. ಅಪ್ಪ ಅಮ್ಮನನ್ನ ಕಳೆದುಕೊಂಡ ಹನ್ನೊಂದು ವರ್ಷದ ಹುಡುಗ ಮುಂಬೈಯಿಂದ ಉಡುಪಿಗೆ, ಚಿಕ್ಕಮ್ಮ ಚಿಕ್ಕಪ್ಪನ ಮನೆಗೆ ಬರ್ತಾನೆ. ಆತೀಶ್ ಶೆಟ್ಟಿ ಅನ್ನೋ ಹುಡುಗ ಅಳದೇ ಅಳುವನ್ನ ತೋರಿಸಿದ್ದಾನೆ. 'ಸು ಫ್ರಮ್ ಸೋ'ದಲ್ಲಿ ನಮ್ಮನ್ನ ನಗಿಸಿದ ಪ್ರಕಾಶ್ ತುಮಿನಾಡು ಇಲ್ಲಿ ಆ ಮನೆಯ ಯಜಮಾನ, ರೂಪಾ ವರ್ಕಾಡಿ ಅವನನ್ನ ಮಡಿಲಿಗೆ ಹಾಕಿಕೊಂಡ ಹೆಂಗಸು. ಪ್ರೀತಿ ಇದೆ, ಆದ್ರೆ ಅದನ್ನ ಹೇಗೆ ಕೊಡಬೇಕು ಅಂತ ದೊಡ್ಡವರಿಗೆ ಗೊತ್ತಿಲ್ಲ, ಹೇಗೆ ತಗೋಬೇಕು ಅಂತ ಹುಡುಗನಿಗೆ ಗೊತ್ತಿಲ್ಲ. ಸಿನಿಮಾ ಯಾರನ್ನೂ ಕೆಟ್ಟವರು ಮಾಡದೆ ಇದನ್ನ ಹೇಳುತ್ತೆ.

ಒಂದು ಊರಿಂದ ಇನ್ನೊಂದು ಊರಿಗೆ ಕಿತ್ತು ನೆಟ್ಟ ಮಗುವಿನ ಕಥೆ. ನಮ್ಮ ಮನೆಗಳಲ್ಲೂ ಅಂಥ ಮಕ್ಕಳಿದ್ದಾರೆ, ನಾವು ಅವರನ್ನ ಎದುರು ದಿಕ್ಕಿಗೆ ಕರ್ಕೊಂಡು ಬಂದಿದ್ದೀವಿ ಅಷ್ಟೇ. ಅಜ್ಜಿ ಪಕ್ಕ ಕೂತು ಮೊಮ್ಮಗ ನೋಡಬೇಕಾಗಿದ್ದ ಸಿನಿಮಾ ಅದು.

ಅದಕ್ಕೆ ನಾನು 'ಓಟಿಟಿಗೆ ಬಂದಾಗ' ಅಂದೆ. ಸಣ್ಣ ಕನ್ನಡ ಸಿನಿಮಾ ಓಟಿಟಿಗೆ ಯಾವಾಗ ಬರುತ್ತೆ, ಬರುತ್ತಾ ಅನ್ನೋದಕ್ಕೆ ಖಾತ್ರಿ ಇಲ್ಲ. ಇದೇ ಸುಮಂತ್ ಭಟ್ ಕೆಲಸ ಮಾಡಿದ 'ಏಕಂ' ಸರಣಿ, ರಕ್ಷಿತ್ ಶೆಟ್ಟಿಯಂಥ ಹೆಸರಿನ ಬೆಂಬಲ ಇದ್ದರೂ, ಓಟಿಟಿಗಳ ಜೊತೆ ಮಾತು ಕುದುರದೆ 2024ರ ಜುಲೈನಲ್ಲಿ ತನ್ನದೇ ವೆಬ್‌ಸೈಟಿನಲ್ಲಿ ಬಿಡುಗಡೆ ಆಯ್ತು. ಇದು ಗೊತ್ತಿದ್ದೂ ನಾನು ಆ ಮಾತು ಆಡಿದೆ. ಅಭ್ಯಾಸಬಲ, ಬೇರೇನೂ ಅಲ್ಲ.

ಎರಡು ಸಿನಿಮಾಗೂ ಮೂರೂವರೆ. ಒಂದು ನಮಗಾಗಿ ವಾರಗಟ್ಟಲೆ ಕಾದಿತ್ತು, ಇನ್ನೊಂದು ಕಾಯೋ ಸ್ಥಿತಿಯಲ್ಲಿ ಇರಲಿಲ್ಲ. ನನ್ನ ಸ್ಟಾರ್ ನೋಡಿದೋರಿಗೆ ಇದು ಹೇಗೆ ಗೊತ್ತಾಗಬೇಕು?

ಹಾಗಂತ ಸಣ್ಣ ಸಿನಿಮಾ ಅನ್ನೋ ಒಂದೇ ಕಾರಣಕ್ಕೆ ಹೊಗಳ್ತೀನಿ ಅಂತ ಅಲ್ಲ. ಕೆಟ್ಟ ಸಿನಿಮಾಗೆ ನಿಮ್ಮನ್ನ ಒಂದು ಸಲ ಕಳಿಸಿದ್ರೆ, ಮುಂದಿನ ಒಳ್ಳೆಯದಕ್ಕೆ ನೀವು ಹೋಗಲ್ಲ. ಕೊರತೆಯನ್ನ ಕೊರತೆ ಅಂತಾನೇ ಹೇಳ್ತೀನಿ. ಅದರ ಜೊತೆ ಇನ್ನೊಂದು ಸಾಲು ಸೇರಿಸ್ತೀನಿ: 'ಈ ವಾರಾಂತ್ಯವೇ', 'ಊರಿಗೆ ಹೋದಾಗ', 'ಮನೆಯಲ್ಲೇ ಸಾಕು'. ಈ ಮೂರರಲ್ಲಿ ಒಂದು.

ನಿಮ್ಮ ಕಡೆಯಿಂದ ಆಗಬೇಕಾದ್ದು ಇಷ್ಟೇ. ಗುರುವಾರ ಸಂಜೆ ಐದು ನಿಮಿಷ, ನಿಮ್ಮ ಊರಲ್ಲಿ ಕನ್ನಡ ಆಟ ಇದೆಯಾ ಅಂತ ನೋಡಿ. ಇದ್ದರೆ, ನಂಬಿಕೆ ಇರೋ ಒಬ್ಬರನ್ನ ಕೇಳಿ. ಹೋಗೋದಾದ್ರೆ ಭಾನುವಾರದೊಳಗೆ ಹೋಗಿ.

ಗೆಳೆಯನ ಅಮ್ಮನ ಮಂಡಿ ಈಗ ಪರವಾಗಿಲ್ಲವಂತೆ. ಮುಂದಿನ ಸಲ ಅವನು ಊರಿಗೆ ಹೊರಟಾಗ ನನಗೆ ಫೋನ್ ಮಾಡ್ತಾನೆ. ಅವನು ಕೇಳೋ ಮೊದಲೇ ಯಾವ ಸಿನಿಮಾ, ಯಾವ ಆಟ, ಎಲ್ಲಿ ಲಿಫ್ಟ್ ಇದೆ ಅಂತ ಹೇಳೋಕೆ ರೆಡಿ ಇರ್ತೀನಿ.

ಮುಂದಿನ ವಾರ ಹೊಸ ಸಿನಿಮಾ ಜೊತೆ ಸಿಗೋಣ. ನಮಸ್ಕಾರ.