ಅಳ್ಳಾಡದೆ ಮಲಗಿದರೂ ಅಳ್ಳಾಡುವ ಮಿದುಳು

“ಹಲೂ ನಕಾ, ಕಾಕಾ!” ಗಾಜಿನಾಚೆಯಿಂದ ತಂತ್ರಜ್ಞ ಮೈಕಿನಲ್ಲಿ ಮೂರನೆಯ ಸಲ ಕೂಗಿದ. ಎಂಆರ್‌ಐ ಕೊಳವೆಯಿಂದ ಹೊರಬಂದ ನಮ್ಮ ಸೋದರಮಾವ, “ನಾ ಎಲ್ಲಿ ಅಳ್ಳಾಡೀನಿ? ಕಲ್ಲಾಗಿ ಬಿದ್ದಿದ್ನೆಲ್ಲಾ” ಎಂದು ನನ್ನತ್ತ ನೋಡಿದರು.

ಮಾವ ಇರುವುದು ಶಿರೂರಿನಲ್ಲಿ. ಉಡುಪಿ ಕಡೆಯದಲ್ಲ, 2024ರ ಜುಲೈನಲ್ಲಿ ಗುಡ್ಡ ಕುಸಿದ ಅಂಕೋಲಾದ್ದೂ ಅಲ್ಲ. ಪುಣೆ ಜಿಲ್ಲೆಯ, ಘೋಡ್ ನದಿ ದಂಡೆಯ ಶಿರೂರು. ರಾಂಜಣಗಾಂವದ ಕಾರ್ಖಾನೆಯಲ್ಲಿ ದುಡಿದು ಅಲ್ಲೇ ಮನೆ ಮಾಡಿದವರು. ಅವತ್ತು ಬೆಳಿಗ್ಗೆ ಎಡಗೈ ಜೋಮು ಹಿಡಿದು ಚಹಾದ ಕಪ್ಪು ಜಾರಿತ್ತು. ಪುಣೆಗೆ ಓಡಿದೆವು.

ಡಾಕ್ಟರು ಬರೆದದ್ದು ಡಿಫ್ಯೂಷನ್ ಸ್ಕ್ಯಾನ್. ನಮ್ಮ ಮಿದುಳಿನೊಳಗಿನ ನೀರಿನ ಅಣುಗಳು ಸುಮ್ಮನಿರುವುದಿಲ್ಲ. ಸೆಕೆಂಡಿನ ಇಪ್ಪತ್ತನೇ ಒಂದು ಪಾಲಿನಲ್ಲಿ ಸುಮಾರು 10 ಮೈಕ್ರೊಮೀಟರ್ ಅಲೆದಿರುತ್ತವೆ. ರಕ್ತ ನಿಂತ ಜಾಗದಲ್ಲಿ ಜೀವಕೋಶಗಳು ಊದಿಕೊಂಡು ಈ ಅಲೆದಾಟಕ್ಕೆ ಇಕ್ಕಟ್ಟಾಗುತ್ತದೆ. ಚಿತ್ರದಲ್ಲಿ ಆ ಭಾಗ ಬೆಳ್ಳಗೆ ಹೊಳೆಯುತ್ತದೆ. ಮೊದಲ ಕೆಲವು ತಾಸು ಸಿಟಿ ಸ್ಕ್ಯಾನಿಗೆ ಸಿಗದಿರಬಹುದಾದ ಲಕ್ವ ಇಲ್ಲಿ ಸಿಕ್ಕಿಬೀಳುತ್ತದೆ.

ಈ ಅಲೆದಾಟವನ್ನು ಅಳೆಯುವ ಉಪಾಯ 1965ರದು, ಸ್ಟೆಸ್ಕಲ್ ಮತ್ತು ಟ್ಯಾನರ್ ಎಂಬಿಬ್ಬರದು. ಕಾಂತಕ್ಷೇತ್ರದ ಒಂದು ಏಟು ಕೊಟ್ಟು ನೀರಿನ ಹೈಡ್ರೊಜನ್ ಹೊಮ್ಮಿಸುವ ರೇಡಿಯೊ ದನಿಯನ್ನು ತಿರುಚುತ್ತಾರೆ, ಇನ್ನೊಂದು ಏಟು ಕೊಟ್ಟು ಬಿಚ್ಚುತ್ತಾರೆ. ಎರಡು ಏಟಿನ ನಡುವೆ ಇದ್ದಲ್ಲೇ ಇದ್ದ ಅಣುವಿನ ತಿರುಚು ಪೂರ್ತಿ ಬಿಚ್ಚುತ್ತದೆ, ಸರಿದದ್ದರದು ಉಳಿಯುತ್ತದೆ. ಹತ್ತು ಮೈಕ್ರೊಮೀಟರ್ ಓಡಾಟಕ್ಕೆ ಎಚ್ಚರಗೊಳ್ಳುವ ಯಂತ್ರ ಬೇರೆ ಅಲುಗಾಟಕ್ಕೆ ಕಣ್ಣು ಮುಚ್ಚೀತೇ? ಎದೆ ಬಡಿದಾಗಲೆಲ್ಲ ಮಿದುಳೂ ತುಸು ಮಿಡಿಯುತ್ತದೆ. ಈಗಿನ ಆಸ್ಪತ್ರೆ ಯಂತ್ರದ ಏಟಿನ ಬಲ ಹಿಡಿದು ಲೆಕ್ಕ ಹಾಕಿದರೆ, ಸುಮಾರು 30 ಮೈಕ್ರೊಮೀಟರ್, ಅಂದರೆ ತಲೆಗೂದಲಿನ ಅರ್ಧ ದಪ್ಪವೂ ಅಲ್ಲದಷ್ಟು ಸರಿದರೆ ಸಾಕು, ದನಿಯ ತರಂಗ ಒಂದು ಪೂರಾ ಸುತ್ತು ತಪ್ಪುತ್ತದೆ. ಮಾವ ಹೇಳಿದ್ದು ಸುಳ್ಳಲ್ಲ, ತಂತ್ರಜ್ಞ ಕೂಗಿದ್ದೂ ಸುಳ್ಳಲ್ಲ.

ದಿನನಿತ್ಯದ ಸ್ಕ್ಯಾನಿನಲ್ಲಿ ಒಂದೊಂದು ಹೋಳನ್ನೂ ಒಂದೇ ಗುಕ್ಕಿನಲ್ಲಿ ಹಿಡಿದು ಮುಗಿಸುತ್ತಾರೆ. ಮಿಡಿತದ ಕಾಟ ಅಷ್ಟಿಲ್ಲ. ನರತಂತುಗಳ ಸೂಕ್ಷ್ಮ ಜಾಡು ಬೇಕೆಂದಾಗ ಹೋಳು ತೆಳ್ಳಗಾಗಬೇಕು, ತೆಳ್ಳಗಾದಷ್ಟೂ ದನಿ ಕ್ಷೀಣ. ಅದಕ್ಕೇ ಮೂರು ಆಯಾಮದ ವಿಧಾನ: ದಪ್ಪ ಗಟ್ಟಿಯೊಂದರ ದನಿಯನ್ನು ಒಟ್ಟಿಗೆ, ಆದರೆ ಹಲವು ಕಂತಿನಲ್ಲಿ ಸಂಗ್ರಹಿಸುತ್ತಾರೆ. ಕಂತಿನಿಂದ ಕಂತಿಗೆ ಮಿದುಳು ಬೇರೆ ಮಿಡಿತದಲ್ಲಿರುತ್ತದೆ. ಏಕಾದಶಿಯ ಭಜನೆಯಲ್ಲಿ ನಾಲ್ಕು ಮೇಳ ಒಂದೇ ಅಭಂಗವನ್ನು ಬೇರೆ ಬೇರೆ ಎತ್ತುಗಡೆಯಿಂದ ಹಾಡಿದ ಹಾಗೆ. ಕೂಡಿಸಿದರೆ ಹಾಡಲ್ಲ, ಗದ್ದಲ. ಚಿತ್ರದಲ್ಲಿ ಅದು ಮಸುಕಾಗಿ, ಒಂದರ ಮೇಲೊಂದು ನೆರಳಾಗಿ ಕಾಣುತ್ತದೆ.

ಮದ್ದಿನ ಹೆಸರು ನ್ಯಾವಿಗೇಟರ್. ಪ್ರತಿ ಕಂತಿನ ಜೊತೆ ಒರಟಾದ ಪುಟ್ಟ ಚಿತ್ರವೊಂದನ್ನೂ ಹಿಡಿದು, ಈ ಮೇಳದ ತಾಳ ಎಷ್ಟು ತಪ್ಪಿದೆ ಎಂದು ಅದರಿಂದ ತಿಳಿದು, ಸರಿದೂಗಿಸಿ, ಆಮೇಲೆ ಕೂಡಿಸುವುದು. ಬೆರಳಿಗೆ ನಾಡಿ ಕ್ಲಿಪ್ಪು ಹಾಕಿ, ಎದೆಬಡಿತದ ನಡುವಿನ ಶಾಂತ ಗಳಿಗೆಯಲ್ಲಷ್ಟೇ ಏಟು ಕೊಡುವುದೂ ಉಂಟು. ಸ್ಕ್ಯಾನಿನ ಹೊತ್ತು ಮಾತ್ರ ಉದ್ದವಾಗುತ್ತದೆ.

ಈ ಮದ್ದಿನ ಬಗ್ಗೆ ಓದುವಾಗ ನನಗೆ ನೆನಪಾದದ್ದು ಶಿರೂರು ಲೋಕಸಭಾ ಕ್ಷೇತ್ರದೊಳಗೇ ಇರುವ ಖೋಡದ. ನಾರಾಯಣಗಾಂವದ ಬಳಿಯ ಈ ಊರಿನಲ್ಲಿ ಖಗೋಳವಿಜ್ಞಾನಿ ಗೋವಿಂದ ಸ್ವರೂಪ್ ಕಟ್ಟಿಸಿದ ಜಿಎಂಆರ್‌ಟಿ ರೇಡಿಯೊ ದೂರದರ್ಶಕದಲ್ಲಿ 45 ಮೀಟರ್ ಅಗಲದ 30 ತಟ್ಟೆಗಳಿವೆ. ಅವೂ ನೇರವಾಗಿ ಚಿತ್ರ ತೆಗೆಯುವುದಿಲ್ಲ. ತರಂಗಗಳನ್ನು ಹಿಡಿದು, ಫೂರಿಯೆ ಗಣಿತದಿಂದ ಚಿತ್ರ ಕಟ್ಟುತ್ತವೆ, ಎಂಆರ್‌ಐ ಮಾಡುವ ಹಾಗೆಯೇ. ಅಲ್ಲಿ ತಾಳ ಕೆಡಿಸುವುದು ಎದೆಬಡಿತವಲ್ಲ, ವಾಯುಮಂಡಲದ ಅಯಾನುಗೋಳ. ಪರಿಹಾರ ಮಾತ್ರ ಅಣ್ಣತಮ್ಮ: ನಡುನಡುವೆ ಪರಿಚಿತ ಆಕರವೊಂದರತ್ತ ತಿರುಗಿ, ಎಷ್ಟು ತಪ್ಪಿದೆ ಎಂದು ಅಳೆದುಕೊಳ್ಳುವುದು. 3 ಟೆಸ್ಲಾ ಯಂತ್ರದಲ್ಲಿ ನಮ್ಮ ತಲೆ ಉಸುರುವುದೂ ಸುಮಾರು 128 ಮೆಗಾಹರ್ಟ್ಸ್‌ನಲ್ಲಿ, ಎಫ್‌ಎಂ ಬಾನುಲಿಯ ತುಸು ಮೇಲೆ. ಸ್ವರೂಪ್ ಅವರ ಗುರು, ಸ್ಟ್ಯಾನ್‌ಫರ್ಡ್‌ನ ಬ್ರೇಸ್‌ವೆಲ್ ಆಕಾಶಕ್ಕೆಂದು ರೂಪಿಸಿದ ಗಣಿತ ಮುಂದೆ ಸಿಟಿ ಸ್ಕ್ಯಾನಿಗೂ ಒದಗಿತು. ಆಕಾಶ ನೋಡುವುದರಿಂದ ಏನು ಲಾಭ ಎನ್ನುವವರಿಗೆ ನಾನು ಈ ಕಥೆ ಹೇಳುತ್ತೇನೆ.

ಎಂಆರ್‌ಐಗೆ ಬೇರೆ ಕಾಟಗಳೂ ಇವೆ. ಗಟ್ಟಿಗಳ ಅಂಚು ಕೂಡುವಲ್ಲಿ, ಎರಡು ದಿನ ಸುಣ್ಣ ಹೊಡೆದ ಗೋಡೆಯಂತೆ, ಪಟ್ಟೆ ಮೂಡುತ್ತದೆ. ಅಂಚುಗಳನ್ನು ಒಂದರ ಮೇಲೊಂದು ಹಾಯಿಸಿ ಹಿಡಿದು ಅದನ್ನು ತಗ್ಗಿಸುತ್ತಾರೆ. ಮೂಗಿನ ಹಿಂದೆ, ಕಿವಿಯ ಪಕ್ಕ ಗಾಳಿ ಇರುವಲ್ಲಿ ಚಿತ್ರ ಜಗ್ಗಿದಂತಾಗುತ್ತದೆ. ಅದನ್ನೇ ಎದುರು ದಿಕ್ಕಿನಿಂದ ಇನ್ನೊಮ್ಮೆ ಹಿಡಿದರೆ ಉದ್ದವಾದದ್ದು ಗಿಡ್ಡವಾಗುತ್ತದೆ. ಎರಡರ ನಡುವೆ ನಿಜವಾದ ಆಕಾರವನ್ನು ಕಂಪ್ಯೂಟರ್ ಹುಡುಕುತ್ತದೆ.

ಮಾವನದು ಸಣ್ಣ ಬಿಳಿ ಚುಕ್ಕೆ, ಬಲಗಡೆ. ಈಗ ಕಪ್ಪು ಜಾರುವುದಿಲ್ಲ.

ನಿಮಗೂ ಸ್ಕ್ಯಾನಿನ ಪ್ರಸಂಗ ಬಂದರೆ ನೆನಪಿರಲಿ: ಕಟಕಟ ಸದ್ದು ನಡೆದಾಗ ಉಗುಳು ನುಂಗುವುದನ್ನೂ ತಡೆಯಿರಿ, ಕೆಮ್ಮುವುದಿದ್ದರೆ ಸದ್ದು ನಿಂತ ಬಿಡುವಿನಲ್ಲಿ, ತಲೆ ಎತ್ತದೆ ಕೆಮ್ಮಿ. ತೀರಾ ತಡೆಯಲಾಗದಿದ್ದರೆ ಕೈಗೆ ಕೊಟ್ಟ ರಬ್ಬರ್ ಚೆಂಡು ಒತ್ತಿ, ನಿಲ್ಲಿಸುತ್ತಾರೆ.