ದೂರದರ್ಶಕದ ಕನ್ನಡಿ ಬಿಚ್ಚುವ ಮುನ್ನ...

ಚಿತ್ರದುರ್ಗ: ಮಳೆಗಾಲ ಕಳೆದು ಬಾನು ತಿಳಿಯಾಗುತ್ತಿದ್ದಂತೆಯೇ ಬಯಲುಸೀಮೆಯ ಶಾಲಾ-ಕಾಲೇಜುಗಳಲ್ಲಿ, ಹವ್ಯಾಸಿಗಳ ಮನೆಗಳಲ್ಲಿ ಮೂಲೆ ಸೇರಿದ್ದ ದೂರದರ್ಶಕಗಳು ಹೊರಬರುತ್ತವೆ. ಮಕ್ಕಳು ಸಾಲುಗಟ್ಟಿ ನಿಂತು ಇಣುಕುತ್ತಾರೆ. ಆದರೆ ಶನಿಯ ಬಳೆಯಾಗಲಿ, ಗುರುವಿನ ಪಟ್ಟೆಗಳಾಗಲಿ ಸ್ಪಷ್ಟವಾಗಿ ಕಾಣುವುದಿಲ್ಲ. ಕಾಣುವುದು ಬಾಲ ಬೆಳೆಸಿಕೊಂಡ ಮಸುಕು ಬೆಳಕು ಮಾತ್ರ. 'ಉಪಕರಣವೇ ಕಳಪೆ' ಎಂಬ ತೀರ್ಪು ಹೊರಬೀಳುತ್ತದೆ. ದೂರದರ್ಶಕ ಮತ್ತೆ ಕಪಾಟು ಸೇರುತ್ತದೆ.

ಇಂತಹ ಬಹುತೇಕ ಸಂದರ್ಭಗಳಲ್ಲಿ ತಪ್ಪು ಉಪಕರಣದ್ದಲ್ಲ. ಕೊಳವೆಯ ತಳದಲ್ಲಿ ಕುಳಿತಿರುವ ಪ್ರಧಾನ ದರ್ಪಣ ತನ್ನ ನೆಲೆಯಿಂದ ಕೂದಲೆಳೆಯಷ್ಟು ವಾಲಿರುತ್ತದೆ. ಇಲ್ಲವೇ ಅದರ ಮೇಲೆ ವರ್ಷಗಳ ಧೂಳು ಕುಳಿತಿರುತ್ತದೆ. ಎರಡನ್ನೂ ಸರಿಪಡಿಸಬಹುದು. ಆದರೆ ಸರಿಪಡಿಸಲು ಹೊರಟವರು ಬಟ್ಟೆಯಿಂದ ಒಮ್ಮೆ ಉಜ್ಜಿಬಿಟ್ಟರೆ ದರ್ಪಣದ ಲೇಪನವೇ ಹಾಳಾಗುವ ಅಪಾಯವಿದೆ.

ಕನ್ನಡಿಯ ಹಿಂದಲ್ಲ, ಮುಂದೆ

ಮನೆಯ ಕನ್ನಡಿಗೂ ದೂರದರ್ಶಕದ ದರ್ಪಣಕ್ಕೂ ಮೂಲಭೂತ ವ್ಯತ್ಯಾಸವೊಂದಿದೆ. ಮನೆಯ ಕನ್ನಡಿಯಲ್ಲಿ ಹೊಳಪಿನ ಲೇಪ ಗಾಜಿನ ಹಿಂದಿರುತ್ತದೆ. ಗಾಜೇ ಅದಕ್ಕೆ ರಕ್ಷಣೆ. ದೂರದರ್ಶಕದಲ್ಲಿ ಲೇಪ ಗಾಜಿನ ಮುಂಭಾಗದಲ್ಲಿಯೇ ಇರುತ್ತದೆ. ಈ ಅಲ್ಯೂಮಿನಿಯಂ ಪದರದ ದಪ್ಪ ಒಂದು ಮಿಲಿಮೀಟರ್‌ನ ಸುಮಾರು ಹತ್ತು ಸಾವಿರದಲ್ಲಿ ಒಂದು ಭಾಗ ಮಾತ್ರ. ಅದರ ಮೇಲೆ ತೆಳುವಾದ ರಕ್ಷಣಾ ಪದರವಿದ್ದರೂ ಮರಳಿನ ಕಣವೊಂದನ್ನು ಬಟ್ಟೆಯಡಿ ಎಳೆದರೆ ಗೀರು ಬೀಳುವುದು ನಿಶ್ಚಿತ.

ಐಸಾಕ್ ನ್ಯೂಟನ್ 1668ರಲ್ಲಿ ಮೊದಲ ಪ್ರತಿಫಲನ ದೂರದರ್ಶಕವನ್ನು ನಿರ್ಮಿಸಿದಾಗ ದರ್ಪಣ ಗಾಜಿನದಾಗಿರಲಿಲ್ಲ. ತಾಮ್ರ ಮತ್ತು ತವರ ಬೆರೆತ ಮಿಶ್ರಲೋಹದ್ದಾಗಿತ್ತು. ಆ ಲೋಹ ಬೇಗ ಕಪ್ಪಿಡುತ್ತಿತ್ತು. 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್, ತಮ್ಮ 40 ಅಡಿಯ ಮಹಾದೂರದರ್ಶಕಕ್ಕೆ ಎರಡು ದರ್ಪಣಗಳನ್ನು ಮಾಡಿಸಿದ್ದರು. ಒಂದನ್ನು ಹೊಳಪಿಗೆ ಕಳಚಿದಾಗ ಇನ್ನೊಂದು ಕೆಲಸಕ್ಕೆ ಒದಗುತ್ತಿತ್ತು. 19ನೇ ಶತಮಾನದ ನಡುವೆ ಬೆಳ್ಳಿ ಲೇಪಿಸಿದ ಗಾಜು ಬಂತು. 1930ರ ದಶಕದಲ್ಲಿ ಅಲ್ಯೂಮಿನಿಯಂ ಲೇಪ ಅದರ ಸ್ಥಾನ ಪಡೆಯಿತು.

ಕಾವಲೂರಿನ ಪಾಠ

ದರ್ಪಣ ಬಿಚ್ಚುವುದು ಹವ್ಯಾಸಿಗಳ ಕಷ್ಟ ಮಾತ್ರವಲ್ಲ. ಬೆಂಗಳೂರಿನ ಕೋರಮಂಗಲದಲ್ಲಿ ಕೇಂದ್ರ ಕಚೇರಿ ಹೊಂದಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ, ತಮಿಳುನಾಡಿನ ಜವ್ವಾದು ಬೆಟ್ಟಗಳ ಕಾವಲೂರಿನಲ್ಲಿ 2.34 ಮೀಟರ್ ವ್ಯಾಸದ ದರ್ಪಣವುಳ್ಳ ವೇಣು ಬಾಪು ದೂರದರ್ಶಕವನ್ನು ನಡೆಸುತ್ತಿದೆ. 1986ರಲ್ಲಿ ಕಾರ್ಯಾರಂಭ ಮಾಡಿದ ಈ ದೂರದರ್ಶಕದ ದರ್ಪಣಕ್ಕೆ ಆಕಾರ ಮತ್ತು ಹೊಳಪು ಕೊಟ್ಟದ್ದು ಬೆಂಗಳೂರಿನ ಪ್ರಯೋಗಾಲಯದಲ್ಲಿಯೇ ಎಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ.

ಇಂತಹ ದೊಡ್ಡ ದರ್ಪಣಗಳ ಹೊಳಪೂ ಧೂಳು ಮತ್ತು ತೇವದಿಂದ ಕ್ರಮೇಣ ಕುಗ್ಗುತ್ತದೆ. ಆಗ ಟನ್‌ಗಟ್ಟಲೆ ತೂಕದ ಗಾಜನ್ನು ಕ್ರೇನ್ ನೆರವಿನಿಂದ ಇಳಿಸಿ, ಹಳೆಯ ಲೇಪವನ್ನು ರಾಸಾಯನಿಕಗಳಿಂದ ಕರಗಿಸಿ, ನಿರ್ವಾತ ಕೋಣೆಯಲ್ಲಿ ಅಲ್ಯೂಮಿನಿಯಂ ಆವಿಯನ್ನು ಹೊಸದಾಗಿ ಕೂರಿಸಬೇಕಾಗುತ್ತದೆ. ಮರಳಿ ಕೂರಿಸಿದ ಮೇಲೆ ಜೋಡಣೆಯ ಪರೀಕ್ಷೆ ಮೊದಲಿನಿಂದ ಆರಂಭ. ಬಾಹ್ಯಾಕಾಶದಲ್ಲಿಯೂ ಇದೇ ಕಥೆ. 2021ರ ಡಿಸೆಂಬರ್ 25ರಂದು ಉಡಾವಣೆಯಾದ ಜೇಮ್ಸ್ ವೆಬ್ ದೂರದರ್ಶಕದಲ್ಲಿ ಒಂದೇ ನಕ್ಷತ್ರ ಮೊದಲು 18 ಚುಕ್ಕೆಗಳಾಗಿ ಕಂಡಿತ್ತು. ಅದರ 18 ದರ್ಪಣ ತುಂಡುಗಳನ್ನು ಒಂದೇ ಮೇಲ್ಮೈಯಂತೆ ಹೊಂದಿಸಲು ವಿಜ್ಞಾನಿಗಳು 2022ರ ಆರಂಭದ ತಿಂಗಳುಗಳನ್ನು ವ್ಯಯಿಸಬೇಕಾಯಿತು.

ಎಷ್ಟು ವಾಲಿದರೆ ಎಷ್ಟು ನಷ್ಟ?

ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ನ್ಯೂಟನ್ ಮಾದರಿ. ತಳದ ನಿಮ್ನ ದರ್ಪಣ ಬೆಳಕನ್ನು ಒಟ್ಟುಗೂಡಿಸಿ ಮೇಲಕ್ಕೆ ಕಳುಹಿಸುತ್ತದೆ. ಕೊಳವೆಯ ಬಾಯಿಯ ಬಳಿ 45 ಡಿಗ್ರಿ ಓರೆಯಾಗಿ ನಿಂತ ಚಪ್ಪಟೆ ಕಿರುದರ್ಪಣ ಅದನ್ನು ಪಕ್ಕದ ಐಪೀಸ್‌ನತ್ತ ತಿರುಗಿಸುತ್ತದೆ. ಈ ಮೂರೂ ಒಂದೇ ಅಕ್ಷದಲ್ಲಿರಬೇಕು. ಈ ಹೊಂದಾಣಿಕೆಗೆ 'ಕಾಲಿಮೇಷನ್' ಎಂದು ಹೆಸರು.

150 ಮಿಲಿಮೀಟರ್ ವ್ಯಾಸ, 1200 ಮಿಲಿಮೀಟರ್ ಸಂಗಮ ದೂರದ ದರ್ಪಣವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಒಂದು ಅಂಚು ಎದುರಿನ ಅಂಚಿಗಿಂತ ಕೇವಲ 1 ಮಿಲಿಮೀಟರ್ ಮೇಲೆದ್ದರೂ ಬಿಂಬ ಸುಮಾರು 16 ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ದರ್ಪಣ ಎಷ್ಟು ಕೋನ ತಿರುಗುವುದೋ ಬೆಳಕು ಅದರ ಎರಡರಷ್ಟು ತಿರುಗುವುದೇ ಇದಕ್ಕೆ ಕಾರಣ. ಆದರೆ ಇಂತಹ ದರ್ಪಣ ದೋಷರಹಿತ ಬಿಂಬ ಕೊಡುವ ವಲಯದ ವ್ಯಾಸವೇ ಸುಮಾರು 11 ಮಿಲಿಮೀಟರ್! ಸಂಗಮ ದೂರ ವ್ಯಾಸದ 8 ಪಟ್ಟು ಇರುವ ಬದಲು 5 ಪಟ್ಟು ಇದ್ದರೆ ಆ ವಲಯ 3 ಮಿಲಿಮೀಟರ್‌ಗೂ ಕಡಿಮೆ. ಆ ವಲಯದಿಂದ ಹೊರಬಿದ್ದ ನಕ್ಷತ್ರ ಪುಟ್ಟ ಧೂಮಕೇತುವಿನಂತೆ ಕಾಣುತ್ತದೆ. ಗಿಡ್ಡ ಕೊಳವೆಯ ದೂರದರ್ಶಕಗಳಿಗೆ ಹೆಚ್ಚು ನಿಖರ ಜೋಡಣೆ ಬೇಕೆನ್ನುವುದು ಇದೇ ಕಾರಣಕ್ಕೆ.

ಧೂಳಿಗೆ ಹೆದರಬೇಕಿಲ್ಲ

ಹಿರಿಯೂರಿನ ಒಣಗಾಳಿ, ಹೊಳಲ್ಕೆರೆ-ಹೊಸದುರ್ಗ ಭಾಗದ ಗಣಿ ಪ್ರದೇಶದ ಕೆಂಧೂಳು, ಗಾಳಿಯಂತ್ರಗಳನ್ನು ತಿರುಗಿಸುವ ಚಿತ್ರದುರ್ಗದ ಗುಡ್ಡಗಾಳಿ - ಇವುಗಳ ನಡುವೆ ದರ್ಪಣ ಶುಭ್ರವಾಗಿ ಉಳಿಯುವುದು ಕಷ್ಟ. ಆದರೂ ಅಲ್ಲಲ್ಲಿ ಚದುರಿದ ಧೂಳಿನಿಂದಾಗುವ ನಷ್ಟ ಅಲ್ಪ. ಪ್ರಧಾನ ದರ್ಪಣದ ಕಾಲುಭಾಗ ವ್ಯಾಸವಿರುವ ಕಿರುದರ್ಪಣವೇ ಬರುವ ಬೆಳಕಿನ ಶೇ 6ರಷ್ಟನ್ನು ತಡೆಯುತ್ತದೆ. ಬಿಡಿ ಕಣಗಳು ತಡೆಯುವ ಬೆಳಕು ಇದಕ್ಕಿಂತ ಬಹಳ ಕಡಿಮೆ. ಆದ್ದರಿಂದ ಟಾರ್ಚ್ ಹಾಕಿ ನೋಡಿ ಗಾಬರಿಯಾಗುವ ಅಗತ್ಯವಿಲ್ಲ. ಟಾರ್ಚ್ ಬೆಳಕಿನಲ್ಲಿ ಯಾವ ದರ್ಪಣವೂ ಕೊಳಕಾಗಿಯೇ ಕಾಣುತ್ತದೆ. ಪದರಗಟ್ಟಿದ ಧೂಳು, ಬೆರಳಚ್ಚು, ಶಿಲೀಂಧ್ರದ ಕಲೆ ಇವುಗಳಿದ್ದಾಗ ಮಾತ್ರ ಬಿಚ್ಚುವುದು ಸೂಕ್ತ.

ಬಿಚ್ಚುವ ಕ್ರಮ

ಕೊಳವೆಯನ್ನು ಮೇಜಿನ ಮೇಲೆ ಅಡ್ಡಲಾಗಿ ಮಲಗಿಸಬೇಕು. ನಿಲ್ಲಿಸಿ ಬಿಚ್ಚಿದರೆ ಕೈಜಾರಿದ ತಿರುಪುಳಿ ನೇರವಾಗಿ ದರ್ಪಣದ ಮೇಲೆ ಬೀಳಬಹುದು. ದರ್ಪಣವನ್ನು ಹಿಡಿದಿರುವ ಲೋಹದ ಚೌಕಟ್ಟು ಕೊಳವೆಯ ಅಂಚಿಗೆ ಸುತ್ತಲಿನ ಸ್ಕ್ರೂಗಳಿಂದ ಬಂಧಿತವಾಗಿರುತ್ತದೆ. ಮರಳಿ ಅದೇ ನೆಲೆಗೆ ಕೂರಿಸಲು ಅನುವಾಗುವಂತೆ ಚೌಕಟ್ಟು ಮತ್ತು ಕೊಳವೆ ಎರಡರ ಮೇಲೂ ಪೆನ್ಸಿಲ್ ಗುರುತು ಹಾಕಿಕೊಳ್ಳಬೇಕು. ಕೊನೆಯ ಸ್ಕ್ರೂ ತೆಗೆಯುವಾಗ ಇನ್ನೊಬ್ಬರು ಚೌಕಟ್ಟನ್ನು ಹಿಡಿದಿರುವುದು ಕ್ಷೇಮ.

ಈ ಕೆಲಸವನ್ನು ಅಂಗಳದ ಬಿಸಿಲಿನಲ್ಲಿ ಎಂದಿಗೂ ಮಾಡಬಾರದು. ಹೊರತೆಗೆದ ನಿಮ್ನ ದರ್ಪಣಕ್ಕೆ ಸೂರ್ಯನ ಬೆಳಕು ಬಿದ್ದರೆ ಅದು ಒಂದೇ ಬಿಂದುವಿನಲ್ಲಿ ಕೂಡಿ ಬಟ್ಟೆ-ಕಾಗದಗಳಿಗೆ ಬೆಂಕಿ ಹೊತ್ತಿಸಬಲ್ಲದು. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು.

ಚೌಕಟ್ಟಿನ ಕ್ಲಿಪ್‌ಗಳನ್ನು ಸಡಿಲಿಸಿ, ದರ್ಪಣದ ಅಂಚನ್ನು ಮಾತ್ರ ಹಿಡಿದು ಎತ್ತಬೇಕು. ಅಂಟು ಹಾಕಿ ಕೂರಿಸಿದ್ದರೆ ಬಲವಂತವಾಗಿ ಕೀಳದೆ ಚೌಕಟ್ಟಿನ ಸಮೇತವೇ ತೊಳೆಯುವುದು ಲೇಸು.

ಕೊಳವೆಬಾವಿ ನೀರು ಸಲ್ಲದು

ಮೊದಲು ರಬ್ಬರ್ ಬುಗ್ಗೆಯಿಂದ ಗಾಳಿ ಊದಿ ಬಿಡಿ ಕಣಗಳನ್ನು ಹಾರಿಸಬೇಕು. ಬಾಯಿಂದ ಊದಿದರೆ ಎಂಜಲಿನ ಹನಿ ಬೀಳುತ್ತದೆ. ಬೇಸಿನ್‌ನಲ್ಲಿ ಮೆತ್ತನೆಯ ಟವೆಲ್ ಹಾಸಿ, ದರ್ಪಣವಿಟ್ಟು, ಉಗುರುಬೆಚ್ಚಗಿನ ನೀರನ್ನು ಕೆಲವು ನಿಮಿಷ ಹರಿಸಬೇಕು. ನಂತರ ಪಾತ್ರೆ ತೊಳೆಯುವ ಸೌಮ್ಯ ದ್ರಾವಣದ ಒಂದೆರಡು ಹನಿ ಬೆರೆಸಿದ ನೀರಿನಲ್ಲಿ ನೆನೆಸಿಡಬೇಕು. ಕಲೆ ಉಳಿದಿದ್ದರೆ ಶುದ್ಧ ಹತ್ತಿಯ ಉಂಡೆಯನ್ನು ನೀರಿನೊಳಗೇ, ಒತ್ತದೆ, ಅದರದೇ ಭಾರದಲ್ಲಿ ಒಂದೇ ದಿಕ್ಕಿಗೆ ಎಳೆಯಬೇಕು. ಒಮ್ಮೆ ಎಳೆದ ಉಂಡೆಯನ್ನು ಮತ್ತೆ ಬಳಸಬಾರದು. ಕಿಟಕಿ ಗಾಜು ಒರೆಸುವ ದ್ರಾವಣಗಳು ಸಲ್ಲವು. ಅವುಗಳಲ್ಲಿರಬಹುದಾದ ಅಮೋನಿಯಾ ಲೇಪಕ್ಕೆ ಹಾನಿಕರ.

ಈ ಜಿಲ್ಲೆಯವರು ವಿಶೇಷವಾಗಿ ಗಮನಿಸಬೇಕಾದ ಅಂಶ ಕೊನೆಯ ತೊಳೆತದ್ದು. ಗಡಸು ನೀರಿನ ಕೊಳವೆಬಾವಿಗಳು ಇಲ್ಲಿ ಸಾಮಾನ್ಯ. ಬಿಂದಿಗೆಯ ಒಳಗೆ ಬಿಳಿಯ ಪದರ ಕಟ್ಟುವ ಅದೇ ಲವಣ ದರ್ಪಣದ ಮೇಲೂ ಚುಕ್ಕೆಚುಕ್ಕೆಯಾಗಿ ಉಳಿಯುತ್ತದೆ. ಆದ್ದರಿಂದ ಬ್ಯಾಟರಿ ಅಂಗಡಿಯಲ್ಲಿ ದೊರೆಯುವ ಡಿಸ್ಟಿಲ್ಡ್ ವಾಟರ್‌ನಿಂದಲೇ ಕೊನೆಯ ಬಾರಿ ತೊಳೆಯಬೇಕು. ಆಮ್ಲ ಸೇರಿರುವ ನೀರನ್ನು ತಪ್ಪಿಯೂ ಕೊಳ್ಳಬಾರದು. ದರ್ಪಣವನ್ನು ಓರೆಯಾಗಿ ನಿಲ್ಲಿಸಿ ನೆರಳಿನಲ್ಲಿ ತಾನಾಗಿ ಒಣಗಲು ಬಿಟ್ಟು, ಉಳಿದ ಹನಿಗಳನ್ನು ಟಿಶ್ಯೂ ಕಾಗದದ ತುದಿಯಿಂದ ಹೀರಿಸಿದರೆ ಸಾಕು.

ಮರುಜೋಡಣೆ

ಕ್ಲಿಪ್‌ಗಳು ದರ್ಪಣವನ್ನು ಬಿಗಿಯಾಗಿ ಹಿಚುಕಬಾರದು. ಕ್ಲಿಪ್ ಮತ್ತು ಗಾಜಿನ ನಡುವೆ ಕಾಗದ ತೂರುವಷ್ಟು ಎಡೆ ಇರಬೇಕು. ಮೂರು ಕಡೆ ಹಿಚುಕಿದ ದರ್ಪಣದಲ್ಲಿ ನಕ್ಷತ್ರ ಮೂಲೆಗಳುಳ್ಳ ಆಕೃತಿಯಾಗಿ ಕಾಣುತ್ತದೆ. ದರ್ಪಣದ ನಟ್ಟನಡುವೆ ಗುರುತಿಲ್ಲದಿದ್ದರೆ, ಹಾಳೆಗಳನ್ನು ಸೇರಿಸಿಡಲು ಬಳಸುವ ಪುಟ್ಟ ಉಂಗುರದ ಸ್ಟಿಕ್ಕರ್ ಅಂಟಿಸಲು ಇದೇ ಸಮಯ. ಆ ಜಾಗ ಹೇಗೂ ಕಿರುದರ್ಪಣದ ನೆರಳಿನಲ್ಲಿರುವುದರಿಂದ ಬಿಂಬಕ್ಕೆ ಧಕ್ಕೆಯಿಲ್ಲ.

ಜೋಡಣೆಗೆ ದುಬಾರಿ ಸಾಧನ ಬೇಕಿಲ್ಲ. ಐಪೀಸ್ ಕೂರುವ ಕೊಳವೆಗೆ ಹೊಂದುವ ಮುಚ್ಚಳದ ನಡುವೆ 2 ಮಿಲಿಮೀಟರ್ ರಂಧ್ರ ಕೊರೆದರೆ ಇಣುಕುಗಿಂಡಿ ಸಿದ್ಧ. ಮೊದಲ ಹಂತದಲ್ಲಿ, ಗಿಂಡಿಯಿಂದ ನೋಡಿದಾಗ ಕಿರುದರ್ಪಣ ದುಂಡಾಗಿ ಮಧ್ಯದಲ್ಲಿ ಕಾಣಬೇಕು. ಎರಡನೆಯದಾಗಿ, ಕಿರುದರ್ಪಣದ ಮೂರು ಸ್ಕ್ರೂಗಳನ್ನು ತಿರುಗಿಸಿ ಪ್ರಧಾನ ದರ್ಪಣದ ಎಲ್ಲ ಕ್ಲಿಪ್‌ಗಳೂ ಅದರೊಳಗೆ ಸಮನಾಗಿ ಕಾಣುವಂತೆ ಮಾಡಬೇಕು. ಮೂರನೆಯದಾಗಿ, ಪ್ರಧಾನ ದರ್ಪಣದ ಹಿಂದಿನ ಸ್ಕ್ರೂಗಳಿಂದ ಅದರ ಮಧ್ಯದ ಗುರುತು ಮತ್ತು ಗಿಂಡಿಯ ಪ್ರತಿಬಿಂಬ ಒಂದರೊಳಗೊಂದು ಕೂರುವಂತೆ ಹೊಂದಿಸಬೇಕು. ಗಿಡ್ಡ ಕೊಳವೆಗಳಲ್ಲಿ ಕಿರುದರ್ಪಣದ ಕಪ್ಪು ನೆರಳು ತುಸು ಪಕ್ಕಕ್ಕೆ ಸರಿದಂತೆ ಕಾಣುವುದು ದೋಷವಲ್ಲ. ಅದನ್ನು 'ಸರಿಪಡಿಸಲು' ಹೋದರೆ ಉಳಿದದ್ದು ಕೆಡುತ್ತದೆ. ಕೊನೆಗೆ ಬೀಗದ ಸ್ಕ್ರೂಗಳನ್ನು ಹಗುರವಾಗಿ ಬಿಗಿದು ಮತ್ತೊಮ್ಮೆ ಇಣುಕಿ ನೋಡಬೇಕು.

ನಕ್ಷತ್ರವೇ ಪರೀಕ್ಷಕ

ಅಂತಿಮ ತೀರ್ಪು ನಕ್ಷತ್ರದ್ದು. ದೂರದರ್ಶಕವನ್ನು ಅರ್ಧ-ಮುಕ್ಕಾಲು ಗಂಟೆ ಹೊರಗಿಟ್ಟು ತಣಿಯಲು ಬಿಡಬೇಕು. ಬಳಿಕ ನಕ್ಷತ್ರವೊಂದನ್ನು ಹೆಚ್ಚಿನ ವರ್ಧನೆಯಲ್ಲಿ ನೋಟದ ಮಧ್ಯಕ್ಕೆ ತಂದು ಫೋಕಸ್ ತುಸು ಕೆಡಿಸಿದರೆ ಬೆಳಕಿನ ಉಂಗುರಗಳು ಕಾಣುತ್ತವೆ. ಉಂಗುರಗಳು ಏಕಕೇಂದ್ರವಾಗಿದ್ದರೆ ಜೋಡಣೆ ಸರಿ. ಒಂದು ಬದಿಗೆ ಒತ್ತಿಕೊಂಡಿದ್ದರೆ ಇನ್ನೂ ಕೆಲಸ ಬಾಕಿ. ಪ್ರತಿ ಬಾರಿ ಸ್ಕ್ರೂ ತಿರುಗಿಸಿದಾಗಲೂ ನಕ್ಷತ್ರವನ್ನು ಮರಳಿ ಮಧ್ಯಕ್ಕೆ ತಂದೇ ನೋಡಬೇಕು.

ಈ ಪರೀಕ್ಷೆಗೆ ಚಲಿಸದ ಧ್ರುವ ನಕ್ಷತ್ರವನ್ನು ಆರಿಸಿಕೊಳ್ಳುವ ಸಲಹೆ ಅನೇಕ ಪಾಶ್ಚಾತ್ಯ ಕೈಪಿಡಿಗಳಲ್ಲಿದೆ. ಆದರೆ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಚಿತ್ರದುರ್ಗದಿಂದ ಧ್ರುವ ನಕ್ಷತ್ರ ದಿಗಂತದಿಂದ ಅಷ್ಟೇ ಡಿಗ್ರಿ ಎತ್ತರದಲ್ಲಿರುತ್ತದೆ. ಅಲ್ಲಿನ ದಟ್ಟ ವಾತಾವರಣದಲ್ಲಿ ಉಂಗುರಗಳು ಕುದಿಯುವ ನೀರಿನಂತೆ ಕದಡುತ್ತವೆ. ಹಗಲೆಲ್ಲ ಕಾದ ಬಂಡೆಗಳ ಮೇಲಿಂದ ನೋಡಿದರಂತೂ ಕದಡಿಕೆ ಮತ್ತಷ್ಟು. ಆದ್ದರಿಂದ ತೆರೆದ ಬಯಲಿನಲ್ಲಿ ನಿಂತು ನೆತ್ತಿಗೆ ಸಮೀಪದ ನಕ್ಷತ್ರವನ್ನು ಆರಿಸಿಕೊಳ್ಳುವುದೇ ಉತ್ತಮ. ಅದು ಸರಿಯುತ್ತಿರುತ್ತದೆಂಬ ಚಿಕ್ಕ ತೊಂದರೆಯನ್ನು ಸಹಿಸಿಕೊಳ್ಳಬೇಕಷ್ಟೆ.

ಕೆಲಸ ಮುಗಿದ ಮೇಲೆ ಎರಡೂ ತುದಿಗಳಿಗೆ ಮುಚ್ಚಳ ಹಾಕಿ, ಇಬ್ಬನಿಯ ತೇವ ಆರಿದ ಬಳಿಕವೇ ಒಳಗಿಡುವುದು ರೂಢಿಯಾದರೆ ಮತ್ತೆ ಕೆಲವು ವರ್ಷ ದರ್ಪಣ ಬಿಚ್ಚುವ ಪ್ರಮೇಯ ಬಾರದು. ಜೋಡಣೆಯನ್ನು ಮಾತ್ರ ಪ್ರತಿ ವೀಕ್ಷಣೆಗೂ ಮುನ್ನ ಪರೀಕ್ಷಿಸಬೇಕು. ಅಭ್ಯಾಸವಾದವರಿಗೆ ಅದು ಐದು ನಿಮಿಷದ ಕೆಲಸ. 2025ರಲ್ಲಿ ಅಂಚಿನಿಂದ ಗೆರೆಯಂತೆ ಕಂಡ ಶನಿಯ ಬಳೆಗಳು ಮುಂದಿನ ವರ್ಷಗಳಲ್ಲಿ ಮತ್ತೆ ಅಗಲವಾಗಿ ತೆರೆದುಕೊಳ್ಳಲಿವೆ. ಕಪಾಟಿನಲ್ಲಿರುವ ದೂರದರ್ಶಕವನ್ನು ಗುಜರಿಗೆ ಹಾಕುವ ಮುನ್ನ ಅದರ ಮೂರು ಸ್ಕ್ರೂಗಳನ್ನೊಮ್ಮೆ ತಿರುಗಿಸಿ ನೋಡುವುದು ಒಳಿತು.