ಹಾರಲಾರದ ಹಕ್ಕಿಗಳು: ಒಂದು ಅಮರ ಚಿತ್ರದ ನಿಸ್ತೇಜ ಉತ್ತರಭಾಗ

ಶಾಲೆಯ ಹೊರಗೆ ಒಂದು ಬೆಂಚು. ಅದರ ಮೇಲೆ ಒಬ್ಬ ತರುಣಿ ಪಾಠ ಮುಗಿಯುವುದನ್ನು ಕಾಯುತ್ತ ಕುಳಿತಿದ್ದಾಳೆ. ಒಳಗಿನಿಂದ ಮಕ್ಕಳ ಹಾಡು ತೇಲಿಬರುತ್ತಿದೆ. ಅವಳ ಬೆನ್ನ ಹಿಂದೆ, ಮಕ್ಕಳು ಹತ್ತಿ ಆಡುವ ಕಬ್ಬಿಣದ ಸರಳುಗಳ ಮೇಲೆ ಒಂದು ಕಾಗೆ ಬಂದು ಕೂರುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೊಂದು, ಆಮೇಲೆ ಇನ್ನೊಂದೆರಡು. ಅವಳಿಗೆ ಇದಾವುದರ ಅರಿವಿಲ್ಲ, ನೋಡುವವರಿಗಷ್ಟೇ ಇದೆ. ಕೊನೆಗೆ ಆಕಾಶದಲ್ಲಿ ಹಾರಿಬರುವ ಒಂದೇ ಒಂದು ಕಾಗೆಯನ್ನು ಕಣ್ಣಿನಿಂದ ಹಿಂಬಾಲಿಸುತ್ತ ಅವಳು ತಿರುಗುತ್ತಾಳೆ. ಸರಳುಗಳೇ ಕಾಣದಷ್ಟು ಕಾಗೆಗಳು ಅಲ್ಲಿ ಕಿಕ್ಕಿರಿದಿವೆ. ಒಳಗೆ ಹಾಡು ಇನ್ನೂ ನಿಂತಿಲ್ಲ.

ಆಲ್‌ಫ್ರೆಡ್ ಹಿಚ್‌ಕಾಕ್ ನಿರ್ದೇಶಿಸಿ 1963ರಲ್ಲಿ ತೆರೆಕಂಡ 'ದಿ ಬರ್ಡ್ಸ್' ಚಿತ್ರದ ಈ ದೃಶ್ಯವನ್ನು ಒಮ್ಮೆ ಕಂಡವರು ಮರೆಯುವುದು ಕಷ್ಟ. ಇದರಲ್ಲಿ ರಕ್ತವಿಲ್ಲ, ಚೀತ್ಕಾರವಿಲ್ಲ. ದಿನವೂ ಮನೆಯಂಗಳದಲ್ಲಿ ಕಾಣುವ ಪಕ್ಷಿಯೊಂದು ಸುಮ್ಮನೆ ಬಂದು ಕುಳಿತುಕೊಳ್ಳುವುದೇ ಇಲ್ಲಿನ ಭಯದ ಮೂಲ. ಮೂವತ್ತೊಂದು ವರ್ಷಗಳ ಬಳಿಕ, 1994ರ ಮಾರ್ಚ್ ತಿಂಗಳಲ್ಲಿ, ಅಮೆರಿಕದ 'ಷೋಟೈಮ್' ಕೇಬಲ್ ವಾಹಿನಿಯಲ್ಲಿ ಇದೇ ಹೆಸರನ್ನು ಹೊತ್ತ ಉತ್ತರಭಾಗವೊಂದು ಪ್ರಸಾರವಾಯಿತು: 'ದಿ ಬರ್ಡ್ಸ್ 2: ಲ್ಯಾಂಡ್ಸ್ ಎಂಡ್'. ಅದರ ನಿರ್ದೇಶಕನೇ ತನ್ನ ಹೆಸರನ್ನು ಚಿತ್ರದಿಂದ ತೆಗೆಸಿಹಾಕಿದ ಎಂಬ ಒಂದು ಸಂಗತಿಯೇ ಆ ಕೃತಿಯ ಗತಿಯನ್ನು ತಿಳಿಸೀತು. ಹುಲಿಯ ಬಣ್ಣಕ್ಕೆ ಮರುಳಾಗಿ ನರಿ ಮೈ ಸುಟ್ಟುಕೊಂಡಿತು ಎಂಬ ಗಾದೆ ನಮ್ಮಲ್ಲಿದೆ. ಆ ಗಾದೆಗೆ ಸಿನಿಮಾ ಲೋಕದಲ್ಲಿ ಉದಾಹರಣೆ ಬೇಕಿದ್ದರೆ ಇದಕ್ಕಿಂತ ದೂರ ಹೋಗಬೇಕಾಗಿಲ್ಲ.

ಮೊದಲ ಚಿತ್ರದ ಹಿಂದಿನ ದುಡಿಮೆ

'ದಿ ಬರ್ಡ್ಸ್' ಚಿತ್ರದ ಬೀಜವಿರುವುದು ಇಂಗ್ಲಿಷ್ ಲೇಖಕಿ ಡಾಫ್ನೆ ಡು ಮಾರಿಯೇ 1952ರಲ್ಲಿ ಪ್ರಕಟಿಸಿದ ಅದೇ ಹೆಸರಿನ ನೀಳ್ಗತೆಯಲ್ಲಿ. ಕಥೆ ನಡೆಯುವುದು ಇಂಗ್ಲೆಂಡಿನ ಕಾರ್ನ್‌ವಾಲ್ ಕಡಲತೀರದಲ್ಲಿ. ಯುದ್ಧದಲ್ಲಿ ಗಾಯಗೊಂಡು, ಹೊಲದ ಮನೆಯೊಂದರಲ್ಲಿ ಅರೆಕಾಲದ ಕೂಲಿ ಮಾಡುತ್ತಿರುವ ನ್ಯಾಟ್ ಹಾಕನ್ ಎಂಬಾತ, ಅವನ ಹೆಂಡತಿ, ಇಬ್ಬರು ಮಕ್ಕಳು. ಕಥೆಯ ಸಂಸಾರವೆಂದರೆ ಇಷ್ಟೇ. ಹಕ್ಕಿಗಳು ಸಮುದ್ರದ ಉಬ್ಬರದೊಡನೆ ಬಂದೆರಗುತ್ತವೆ, ಇಳಿತದೊಡನೆ ಹಿಂದೆ ಸರಿಯುತ್ತವೆ. ಆ ಬಿಡುವಿನಲ್ಲಿ ನ್ಯಾಟ್ ಕಿಟಕಿಗಳಿಗೆ ಹಲಗೆ ಹೊಡೆಯುತ್ತಾನೆ, ದಿನಸಿ ಕೂಡಿಹಾಕುತ್ತಾನೆ. ಮನೆಯ ರೇಡಿಯೋ ಮೊದಲು ಸುದ್ದಿ ಹೇಳುತ್ತದೆ, ಆಮೇಲೆ ಮೌನವಾಗುತ್ತದೆ. ಸಹಾಯಕ್ಕೆ ಯಾರೂ ಬರುವುದಿಲ್ಲವೆಂದು ಓದುಗರಿಗೆ ತಿಳಿಯುವುದು ಆ ಮೌನದಿಂದ. ಎರಡನೆಯ ಮಹಾಯುದ್ಧದ ಬಾಂಬು ದಾಳಿಗಳನ್ನು ಕಂಡುಂಡಿದ್ದ ಜನರಿಗೆ ಆಕಾಶದಿಂದೆರಗುವ ಸಾವೆಂಬುದು ಕೇವಲ ಕಲ್ಪನೆಯಾಗಿರಲಿಲ್ಲ.

ಹಿಚ್‌ಕಾಕ್ ಈ ಕಥೆಯಿಂದ ಉಳಿಸಿಕೊಂಡದ್ದು ಅದರ ಮೂಲಕಲ್ಪನೆಯನ್ನು ಮಾತ್ರ. ಇವಾನ್ ಹಂಟರ್ ಬರೆದ ಚಿತ್ರಕಥೆಯಲ್ಲಿ ಕಾರ್ನ್‌ವಾಲ್ ಹೋಗಿ ಕ್ಯಾಲಿಫೋರ್ನಿಯಾದ ಬೊಡೆಗಾ ಬೇ ಎಂಬ ಮೀನುಗಾರರ ಊರು ಬಂತು. ಬಡ ಕೂಲಿಯ ಜಾಗಕ್ಕೆ ಸಿರಿವಂತ ಮನೆತನದ ತರುಣಿ ಮೆಲನಿ ಡ್ಯಾನಿಯಲ್ಸ್ ಬಂದಳು. ಆ ಪಾತ್ರಕ್ಕೆ ಆಯ್ಕೆಯಾದ ಟಿಪ್ಪಿ ಹೆಡ್ರೆನ್ ಅದುವರೆಗೆ ರೂಪದರ್ಶಿಯಾಗಿದ್ದವರು. ದೂರದರ್ಶನದ ಜಾಹೀರಾತೊಂದರಲ್ಲಿ ನಿರ್ದೇಶಕನ ಕಣ್ಣಿಗೆ ಬಿದ್ದವರು.

ಗಣಕಯಂತ್ರದಿಂದ ಹಕ್ಕಿಗಳನ್ನು ಸೃಷ್ಟಿಸುವ ವಿದ್ಯೆ ಆಗ ಇರಲಿಲ್ಲ. ಪಕ್ಷಿಗಳನ್ನು ಪಳಗಿಸಲು ರೇ ಬರ್ವಿಕ್ ಎಂಬ ತರಬೇತುದಾರರಿದ್ದರು. ಬೇರೆಡೆ ಚಿತ್ರೀಕರಿಸಿದ ಹಕ್ಕಿಗಳನ್ನು ನಟರ ದೃಶ್ಯಗಳೊಡನೆ ಕೂಡಿಸಬೇಕಾದಾಗ ಇನ್ನೊಂದು ತೊಡಕು ಎದುರಾಯಿತು: ನೀಲಿ ಪರದೆಯ ಮುಂದೆ ಚಿತ್ರಿಸಿದರೆ ವೇಗವಾಗಿ ಬಡಿಯುವ ರೆಕ್ಕೆಗಳ ಅಂಚಿನಲ್ಲಿ ಬಣ್ಣದ ಗೆರೆ ಉಳಿದುಬಿಡುತ್ತಿತ್ತು. ಇದಕ್ಕೆ ಪರಿಹಾರ ಒದಗಿದ್ದು ಡಿಸ್ನಿ ಸಂಸ್ಥೆಯ ಅಬ್ ಐವರ್ಕ್ಸ್ ಅವರಿಂದ. ಸೋಡಿಯಂ ದೀಪಗಳ ಹಳದಿ ಬೆಳಕು ತುಂಬಿದ ಪರದೆ ಮತ್ತು ಆ ಬೆಳಕನ್ನು ಮಾತ್ರ ಬೇರ್ಪಡಿಸುವ ವಿಶೇಷ ಗಾಜು ಅಳವಡಿಸಿದ ಕ್ಯಾಮೆರಾ ಬಳಸುವ ಅವರ ವಿಧಾನದಲ್ಲಿ ರೆಕ್ಕೆಯ ಒಂದೊಂದು ಗರಿಯೂ ಸ್ಪಷ್ಟವಾಗಿ ಮೂಡುತ್ತಿತ್ತು. ಆ ಕೆಲಸಕ್ಕಾಗಿ ಅವರ ಹೆಸರು ಆಸ್ಕರ್ ಪ್ರಶಸ್ತಿಗೂ ಸೂಚಿತವಾಯಿತು.

ಧ್ವನಿಯ ವಿಷಯದಲ್ಲಿ ಹಿಚ್‌ಕಾಕ್ ಇನ್ನೂ ದೊಡ್ಡ ಸಾಹಸಕ್ಕೆ ಕೈಹಾಕಿದರು. ಇಡೀ ಚಿತ್ರಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ. ಬರ್ಲಿನ್ ನಗರದಲ್ಲಿ ಓಸ್ಕರ್ ಸಾಲಾ ಎಂಬವರು 'ಟ್ರೌಟೋನಿಯಂ' ಎಂಬ ವಿದ್ಯುತ್ ವಾದ್ಯದಲ್ಲಿ ರೆಕ್ಕೆಯ ಬಡಿತವನ್ನೂ ಹಕ್ಕಿಗಳ ಕೂಗನ್ನೂ ನುಡಿಸಿ ಕೊಟ್ಟರು. 'ಸೈಕೋ' ಚಿತ್ರಕ್ಕೆ ಸಂಗೀತ ನೀಡಿದ್ದ ಬರ್ನಾರ್ಡ್ ಹರ್ಮನ್ ಇಲ್ಲಿ ಧ್ವನಿ ಸಲಹೆಗಾರರಾಗಿದ್ದರು. ಸಂಗೀತವಿಲ್ಲದ ಕಾರಣ, ಮುಂದೇನು ಬರಲಿದೆ ಎಂಬ ಸೂಚನೆ ಪ್ರೇಕ್ಷಕರಿಗೆ ಕಿವಿಯ ಮೂಲಕ ಸಿಗುವುದೇ ಇಲ್ಲ.

ಕಾರಣ ಹೇಳದ ಕಥೆ

ಹಕ್ಕಿಗಳು ಏಕೆ ಎರಗುತ್ತವೆ? ಚಿತ್ರದಲ್ಲಿ ಊರಿನ ಹೋಟೆಲೊಂದರಲ್ಲಿ ಜನರು ಇದೇ ಪ್ರಶ್ನೆಯನ್ನು ಹಿಡಿದು ವಾದಿಸುತ್ತಾರೆ. ಪಕ್ಷಿಶಾಸ್ತ್ರ ಬಲ್ಲ ವೃದ್ಧೆಯೊಬ್ಬಳು ಹಕ್ಕಿಗಳಿಗೆ ಅಷ್ಟು ಬುದ್ಧಿಯಿಲ್ಲವೆನ್ನುತ್ತಾಳೆ. ಕುಡುಕನೊಬ್ಬ ಪ್ರಳಯ ಬಂತೆನ್ನುತ್ತಾನೆ. ಭಯಗೊಂಡ ತಾಯಿಯೊಬ್ಬಳು ಹೊರಗಿನಿಂದ ಬಂದ ಮೆಲನಿಯೇ ಇದಕ್ಕೆಲ್ಲ ಕಾರಣವೆಂದು ಬೆರಳು ತೋರಿಸುತ್ತಾಳೆ. ಯಾರ ಮಾತಿಗೂ ಚಿತ್ರ ಮುದ್ರೆಯೊತ್ತುವುದಿಲ್ಲ. ಕಷ್ಟ ಬಂದಾಗ ಮನುಷ್ಯರು ಕಾರಣ ಹುಡುಕುವ ಬಗೆ, ಹೊರಗಿನವರ ಮೇಲೆ ದೋಷ ಹೊರಿಸುವ ಬಗೆ ಇವೇ ಆ ದೃಶ್ಯದ ಹುರುಳು. ಕೊನೆಯಲ್ಲಿ ಉಳಿದವರು ಕಾರಿನಲ್ಲಿ ನಿಧಾನವಾಗಿ ಹೊರಟುಹೋಗುವಾಗ ಕಣ್ಣು ಹಾಯುವಷ್ಟು ದೂರವೂ ಹಕ್ಕಿಗಳೇ ಕುಳಿತಿವೆ. 'ಮುಕ್ತಾಯ' ಎಂಬ ಅಕ್ಷರಗಳನ್ನೂ ಹಿಚ್‌ಕಾಕ್ ತೆರೆಯ ಮೇಲೆ ಮೂಡಿಸಲಿಲ್ಲ.

ಇದರ ನೆರಳಿನಂಥ ನಿಜಘಟನೆಯೊಂದಿದೆ. 1961ರ ಆಗಸ್ಟ್ 18ರಂದು ಕ್ಯಾಲಿಫೋರ್ನಿಯಾದ ಕ್ಯಾಪಿಟೋಲಾ ಮತ್ತು ಸುತ್ತಲಿನ ಊರುಗಳಲ್ಲಿ ಕಡಲಹಕ್ಕಿಗಳು ದಿಕ್ಕೆಟ್ಟು ಮನೆಗಳಿಗೂ ಬೀದಿದೀಪಗಳಿಗೂ ಡಿಕ್ಕಿ ಹೊಡೆದು ಸತ್ತುಬಿದ್ದವು. ಆ ಸುದ್ದಿ ಹಿಚ್‌ಕಾಕ್‌ರ ಗಮನ ಸೆಳೆದಿತ್ತು. ಅದರ ಕಾರಣ ಮಾತ್ರ ದಶಕಗಳ ಕಾಲ ಒಗಟಾಗಿಯೇ ಉಳಿಯಿತು. 1991ರಲ್ಲಿ ಅದೇ ಮಾಂಟರೆ ಕೊಲ್ಲಿಯಲ್ಲಿ ಹೆಜ್ಜಾರ್ಲೆಗಳು ಸಾಯತೊಡಗಿದಾಗ ಒಂದು ಜಾತಿಯ ಸೂಕ್ಷ್ಮ ಪಾಚಿ ಉಂಟುಮಾಡುವ ಡೊಮೊಯಿಕ್ ಆಮ್ಲವೆಂಬ ವಿಷ ಪತ್ತೆಯಾಯಿತು. ಪಾಚಿಯನ್ನು ತಿಂದ ಮೀನುಗಳನ್ನು ಹಕ್ಕಿಗಳು ತಿಂದಾಗ ಆ ವಿಷ ಅವುಗಳ ನರಮಂಡಲವನ್ನು ಕೆಡಿಸುತ್ತದೆ. 1961ರಲ್ಲಿ ಆ ಭಾಗದ ಸಮುದ್ರದಿಂದ ಸಂಗ್ರಹಿಸಿ ಕಾಪಿಟ್ಟಿದ್ದ ಸೂಕ್ಷ್ಮಜೀವಿಗಳ ಹೊಟ್ಟೆಯನ್ನು ಅರ್ಧ ಶತಮಾನದ ಬಳಿಕ ವಿಜ್ಞಾನಿಗಳು ಪರೀಕ್ಷಿಸಿದಾಗ ಅಲ್ಲಿಯೂ ವಿಷಕಾರಿ ಪಾಚಿಯ ಕುರುಹು ಸಿಕ್ಕಿತು. ಹಳೆಯ ಮಾದರಿಗಳನ್ನು ಜೋಪಾನವಾಗಿ ಇಟ್ಟವರ ಶ್ರದ್ಧೆಯಿಂದ ಒಗಟು ಬಿಡಿಸುವ ದಾರಿ ತೆರೆಯಿತೆಂಬುದನ್ನು ವಿಜ್ಞಾನ ಕಲಿಯುವ ಮಕ್ಕಳು ನೆನಪಿಡಬೇಕು. ಅಲ್ಲಿ ಸತ್ತ ಹಕ್ಕಿಗಳು ಆಕ್ರಮಣಕಾರರಾಗಿರಲಿಲ್ಲ, ವಿಷವುಂಡ ರೋಗಿಗಳಾಗಿದ್ದವು.

ಉತ್ತರಭಾಗ ಸೋತದ್ದೆಲ್ಲಿ

ಇಷ್ಟು ಸಂಪತ್ತನ್ನು ಬೆನ್ನಿಗಿಟ್ಟುಕೊಂಡು ಬಂದ 1994ರ ಚಿತ್ರದ ಕಥೆ ಸರಳವಾದುದು. ಅಮೆರಿಕದ ಪೂರ್ವ ಕರಾವಳಿಯ ದ್ವೀಪವೊಂದಕ್ಕೆ ಬೇಸಿಗೆ ಕಳೆಯಲು ಒಂದು ಕುಟುಂಬ ಬರುತ್ತದೆ. ತಂದೆ ಟೆಡ್ ಅಧ್ಯಾಪಕ, ತಾಯಿ ಮೇ, ಇಬ್ಬರು ಹೆಣ್ಣುಮಕ್ಕಳು. ಹಿಂದೆ ಒಬ್ಬ ಮಗನನ್ನು ಕಳೆದುಕೊಂಡ ದುಃಖ ದಂಪತಿಗಳ ನಡುವೆ ಗೋಡೆಯಂತೆ ನಿಂತಿದೆ. ಹಕ್ಕಿಗಳು ಎರಗತೊಡಗುತ್ತವೆ, ಊರಿನವರು ನಂಬುವುದಿಲ್ಲ, ನಂಬುವಷ್ಟರಲ್ಲಿ ಕೈಮೀರಿರುತ್ತದೆ. ಬ್ರಾಡ್ ಜಾನ್ಸನ್ ಮತ್ತು ಚೆಲ್ಸಿ ಫೀಲ್ಡ್ ಮುಖ್ಯ ಪಾತ್ರಗಳಲ್ಲಿದ್ದಾರೆ.

ಪುತ್ರಶೋಕದ ಎಳೆ ಒಳ್ಳೆಯ ಎಳೆಯೇ. ಆದರೆ ಅದು ಹಕ್ಕಿಗಳ ಕಥೆಯೊಡನೆ ಹೆಣೆದುಕೊಳ್ಳುವುದಿಲ್ಲ. ಗಂಡಹೆಂಡಿರ ಮನಸ್ತಾಪ ಒಂದು ದಾರಿಯಲ್ಲಿ, ಹಕ್ಕಿಗಳು ಇನ್ನೊಂದು ದಾರಿಯಲ್ಲಿ ಸಾಗುತ್ತವೆ. ಮೂಲ ಚಿತ್ರದಲ್ಲಿ ಮೌನ ಮಾಡಿದ ಕೆಲಸವನ್ನು ಇಲ್ಲಿ ಹಿನ್ನೆಲೆ ಸಂಗೀತಕ್ಕೆ ಒಪ್ಪಿಸಲಾಗಿದೆ. ಹಕ್ಕಿ ಬರುವ ಮೊದಲೇ ವಾದ್ಯಗಳು ಅದರ ಬರವನ್ನು ಸಾರಿಬಿಡುತ್ತವೆ. ಒಂದೊಂದೇ ಕಾಗೆಯನ್ನು ತಂದು ಕೂರಿಸುವ ತಾಳ್ಮೆ ಇಲ್ಲಿ ಕಾಣುವುದಿಲ್ಲ.

ಹಣದ ಕೊರತೆಯೇ ಇದಕ್ಕೆ ಕಾರಣವೆನ್ನಬಹುದೇ? ಹಿಚ್‌ಕಾಕ್‌ರ ಬದುಕೇ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. 1960ರ 'ಸೈಕೋ' ಚಿತ್ರವನ್ನು ಅವರು ಸುಮಾರು 8 ಲಕ್ಷ ಡಾಲರುಗಳಲ್ಲಿ, ಕಪ್ಪುಬಿಳುಪಿನಲ್ಲಿ, ತಮ್ಮ ದೂರದರ್ಶನ ಧಾರಾವಾಹಿಯ ತಂತ್ರಜ್ಞರನ್ನೇ ಬಳಸಿ ಮುಗಿಸಿದ್ದರು. ಅಂದಿನ ದೊಡ್ಡ ಚಿತ್ರಗಳ ಎದುರು ಅದು ಅಲ್ಪ ಮೊತ್ತ. ಉತ್ತರಭಾಗಗಳೆಲ್ಲ ಕೆಡಲೇಬೇಕೆಂಬ ನಿಯಮವೂ ಇಲ್ಲ. ಹಿಚ್‌ಕಾಕ್ ತೀರಿಕೊಂಡ ಮೂರು ವರ್ಷಗಳ ಬಳಿಕ, 1983ರಲ್ಲಿ ರಿಚರ್ಡ್ ಫ್ರಾಂಕ್ಲಿನ್ ನಿರ್ದೇಶಿಸಿದ 'ಸೈಕೋ 2' ಮಾನವಾಗಿಯೇ ನಿಂತಿತು. ಆಸ್ಪತ್ರೆಯಿಂದ ಬಿಡುಗಡೆಯಾಗಿ ಬಂದ ಅಪರಾಧಿಗೆ ಲೋಕ ಎರಡನೆಯ ಅವಕಾಶ ಕೊಡುತ್ತದೆಯೇ ಎಂಬ ತನ್ನದೇ ಪ್ರಶ್ನೆ ಆ ಚಿತ್ರಕ್ಕಿತ್ತು. 'ಲ್ಯಾಂಡ್ಸ್ ಎಂಡ್' ಚಿತ್ರಕ್ಕೆ ಅಂಥ ಪ್ರಶ್ನೆಯೊಂದು ಹುಟ್ಟಲೇ ಇಲ್ಲ.

ಇದರಲ್ಲಿ ಅತ್ಯಂತ ನೋವಿನ ಸಂಗತಿ ಇನ್ನೊಂದಿದೆ. ಉತ್ತರಭಾಗದ ಕುಟುಂಬಕ್ಕೆ ಇಟ್ಟ ಮನೆತನದ ಹೆಸರು 'ಹಾಕನ್'. ಎಂದರೆ ಬರೆದವರಿಗೆ ಡು ಮಾರಿಯೇ ಅವರ ಮೂಲಕಥೆ ಗೊತ್ತಿತ್ತು. ಕಡಿಮೆ ಹಣದಲ್ಲಿ ಚಿತ್ರ ಮಾಡಬೇಕಾದವರಿಗೆ ಆ ಕಥೆಗಿಂತ ದೊಡ್ಡ ವರ ಬೇರೇನಿತ್ತು? ಒಂದು ಮನೆ, ನಾಲ್ಕು ಜನ, ಹಲಗೆ ಹೊಡೆದ ಕಿಟಕಿಗಳು, ಹೊರಗೆ ರೆಕ್ಕೆಗಳ ಸದ್ದು, ಮಾತು ನಿಲ್ಲಿಸಿದ ರೇಡಿಯೋ. ಹಕ್ಕಿಗಳನ್ನು ಹೆಚ್ಚಾಗಿ ತೋರಿಸಬೇಕಾದ ಅಗತ್ಯವೂ ಇರಲಿಲ್ಲ, ಕೇಳಿಸಿದ್ದರೆ ಸಾಕಿತ್ತು. ಹಿಚ್‌ಕಾಕ್ ಬಿಟ್ಟುಹೋಗಿದ್ದ ಆ ಬಾಗಿಲು ಮೂವತ್ತು ವರ್ಷ ತೆರೆದೇ ಇತ್ತು. ಬಂದವರು ಬಾಗಿಲ ಮೇಲಿನ ಹೆಸರುಹಲಗೆಯನ್ನಷ್ಟೇ ಕಳಚಿಕೊಂಡು ಹೋದರು.

ಹೆಸರು ಕಳಚಿದವರು, ಹೆಸರಿಗಾಗಿ ಬಂದವರು

ಚಿತ್ರವನ್ನು ನಿರ್ದೇಶಿಸಿದವರು ರಿಕ್ ರೋಸೆಂಥಾಲ್. ಇವರು 1981ರಲ್ಲಿ 'ಹ್ಯಾಲೊವೀನ್ 2' ಎಂಬ ಮತ್ತೊಂದು ಭಯಾನಕ ಚಿತ್ರದ ಉತ್ತರಭಾಗವನ್ನು ನಿರ್ದೇಶಿಸಿದ್ದವರು. ಆದರೆ ತೆರೆಯ ಮೇಲೆ ಕಾಣುವ ನಿರ್ದೇಶಕನ ಹೆಸರು 'ಆಲನ್ ಸ್ಮಿಥೀ'. ಇಂಥ ಮನುಷ್ಯ ಹುಟ್ಟಿಯೇ ಇಲ್ಲ. ತಾನು ಮಾಡಿದ ಕೆಲಸ ತನ್ನ ಹಿಡಿತ ತಪ್ಪಿ ಕೆಟ್ಟಿದೆಯೆಂದು ಅಮೆರಿಕದ ನಿರ್ದೇಶಕರ ಸಂಘಕ್ಕೆ ಮನವರಿಕೆ ಮಾಡಿಕೊಟ್ಟವರು ತಮ್ಮ ಹೆಸರಿನ ಬದಲು ಬಳಸಬಹುದಾಗಿದ್ದ ಕಲ್ಪಿತ ನಾಮವದು. 1969ರ ಚಿತ್ರವೊಂದರಿಂದ ಆರಂಭವಾದ ಈ ಪದ್ಧತಿ ಸುಮಾರು ಮೂರು ದಶಕ ನಡೆದು ನಿಂತುಹೋಯಿತು.

ನಿರ್ದೇಶಕರಿಗೆ ಹೆಸರು ಕಳಚಿಕೊಳ್ಳುವ ದಾರಿಯಾದರೂ ಇತ್ತು. ಟಿಪ್ಪಿ ಹೆಡ್ರೆನ್ ಅವರನ್ನು ಕರೆಸಿದ್ದೇ ಅವರ ಹೆಸರಿಗಾಗಿ. 1963ರ ಚಿತ್ರದ ಅಟ್ಟದ ದೃಶ್ಯಕ್ಕೆ ಯಂತ್ರದ ಹಕ್ಕಿಗಳನ್ನು ಬಳಸುವುದಾಗಿ ಹೇಳಿ, ದಿನಗಟ್ಟಲೆ ಜೀವಂತ ಹಕ್ಕಿಗಳನ್ನೇ ಅವರ ಮೇಲೆ ಎಸೆಯಲಾಗಿತ್ತು. ಕಣ್ಣಿನ ಬಳಿ ಗಾಯವಾಗಿ ಅವರು ಕುಸಿದಾಗ ವೈದ್ಯರು ವಿಶ್ರಾಂತಿಗೆ ಕಡ್ಡಾಯವಾಗಿ ಕಳುಹಿಸಿದರು. ಹಿಚ್‌ಕಾಕ್ ತಮಗೆ ಕೊಟ್ಟ ಕಿರುಕುಳವನ್ನು ಅವರು 2016ರ ಆತ್ಮಕಥೆಯಲ್ಲಿ ವಿವರವಾಗಿ ಬರೆದರು. ಮಹಾನ್ ಕೃತಿಯ ಹಿಂದೆ ಮನುಷ್ಯರ ಮೇಲಿನ ಅನ್ಯಾಯವೂ ಅಡಗಿರಬಹುದೆಂಬುದನ್ನು ಮೆಚ್ಚುಗೆಯ ಭರದಲ್ಲಿ ಮರೆಯಬಾರದು. ಅಂಥ ಬೆಲೆ ತೆತ್ತ ನಟಿಗೆ ಉತ್ತರಭಾಗದಲ್ಲಿ ಸಿಕ್ಕಿದ್ದು ಮೆಲನಿಯ ಮುಂದಿನ ಬದುಕಲ್ಲ. ಹೆಲೆನ್ ಎಂಬ ಅಂಗಡಿಯಾಕೆಯ ಸಣ್ಣ ಪಾತ್ರ. ಅಟ್ಟದಿಂದ ಇಳಿದುಬಂದ ಆ ತರುಣಿ ಮೂವತ್ತು ವರ್ಷ ಹೇಗೆ ಬದುಕಿದಳು, ರೆಕ್ಕೆಯ ಸದ್ದು ಕೇಳಿದರೆ ಅವಳ ಮೈ ಇಂದಿಗೂ ನಡುಗುತ್ತದೆಯೇ? ಕೇಳಬಹುದಾಗಿದ್ದ ಒಳ್ಳೆಯ ಪ್ರಶ್ನೆ ಇದೊಂದೇ. ಅದನ್ನು ಕೇಳಬಲ್ಲ ಮುಖ ಎದುರಿಗೇ ಇತ್ತು. ಆ ಚಿತ್ರದ ಬಗ್ಗೆ ಹೆಡ್ರೆನ್ ಮುಂದೆ ಮುಜುಗರವನ್ನೇ ವ್ಯಕ್ತಪಡಿಸಿದರು.

ರಜೆಯಲ್ಲಿ ಮನೆಮಂದಿಯೊಡನೆ ಕುಳಿತು ಹಳೆಯ ಚಿತ್ರವನ್ನು ನೋಡುವ ಹೈಸ್ಕೂಲಿನ ಮಕ್ಕಳಿಗೆ ಹೆತ್ತವರು ಕಾಗೆಗಳ ಆ ದೃಶ್ಯವನ್ನು ತೋರಿಸಿ, ಸದ್ದಿಲ್ಲದೆ ಭಯ ಹೇಗೆ ಹುಟ್ಟಿತೆಂದು ಕೇಳಬಹುದು. ಶಾಲೆಯ ಮಕ್ಕಳ ಮೇಲೆ ಹಕ್ಕಿಗಳೆರಗುವ ಭಾಗ ಎಳೆಯರಿಗೆ ತಕ್ಕುದಲ್ಲವೆಂಬ ಎಚ್ಚರವಿರಲಿ. ಆದರೂ ಮುಂದೊಂದು ದಿನ ಅವರು ನೋಡಬೇಕಾದ ಪಾತ್ರವೊಂದು ಅಲ್ಲಿದೆ: ತನ್ನ ಶಿಷ್ಯೆಯನ್ನು ಮನೆಯೊಳಕ್ಕೆ ತಳ್ಳಿ, ತಾನು ಹೊರಗೆ ಹಕ್ಕಿಗಳಿಗೆ ಬಲಿಯಾದ ಶಿಕ್ಷಕಿ ಆ್ಯನಿ ಹೇವರ್ತ್. ಹಿರಿಯರಿಂದ ಬಂದದ್ದನ್ನು ಮುಂದುವರಿಸುವವರು ಹೆಸರನ್ನು ಎತ್ತಿಕೊಂಡರೆ ಸಾಲದು. ಅದರೊಳಗಿನ ಶ್ರದ್ಧೆಯನ್ನೂ ಹೊರಬೇಕು. 1994ರ ಹಕ್ಕಿಗಳಿಗೆ ಅದು ಭಾರವಾಯಿತು. 1963ರ ಕಾಗೆಗಳು ಇಂದಿಗೂ ಆ ಸರಳುಗಳ ಮೇಲೆ ಕುಳಿತೇ ಇವೆ.